ಗದಗಿನಲ್ಲಿ 'ಗದುಗಿನ ಭಾರತ' ತಪ್ಪಾಯಿತು

ರಜೆಗೆ ಊರಿಗೆ ಬಂದವನು ಅಕ್ಕನ ಮಗನ ಕ್ವಿಜ್ ನೋಡಲು ಗದಗಿನ ಒಂದು ಶಾಲೆಗೆ ಹೋಗಿದ್ದೆ. ಹುಡುಗ ಒಂಬತ್ತನೇ ಕ್ಲಾಸು, ಓದುವ ಹುಚ್ಚು ಜಾಸ್ತಿ. ಸಾಹಿತ್ಯದ ಸುತ್ತು ಬಂತು. 'ಕುಮಾರವ್ಯಾಸ ಬರೆದ ಕಾವ್ಯ ಯಾವುದು?' ಅಂತ ಪ್ರಶ್ನೆ. ನಮ್ಮ ಹುಡುಗ ಎದ್ದು ನಿಂತು 'ಗದುಗಿನ ಭಾರತ, ಸರ್' ಅಂದ. ಮೇಷ್ಟ್ರು ಕೈಯಲ್ಲಿದ್ದ ಹಾಳೆ ನೋಡಿದರು. 'ತಪ್ಪು. ಪಾಸ್' ಅಂದರು. ಪಕ್ಕದ ತಂಡದವರು 'ಕರ್ಣಾಟ ಭಾರತ ಕಥಾಮಂಜರಿ' ಅಂತ ಒಂದೇ ಉಸಿರಿಗೆ ಹೇಳಿದರು. ಅಂಕ ಅವರಿಗೆ ಹೋಯಿತು. ಎರಡೂ ಒಂದೇ ಕಾವ್ಯದ ಹೆಸರು.

ಕುಮಾರವ್ಯಾಸ ಕೂತು ಬರೆದ ಅಂತ ನಾವೆಲ್ಲ ನಂಬಿರುವ ವೀರನಾರಾಯಣ ಗುಡಿ ಇರುವುದು ಇದೇ ಊರಿನಲ್ಲಿ. ಆ ಊರಿನಲ್ಲಿ, ಆ ಊರಿನ ಹೆಸರೇ ಇರುವ ಉತ್ತರ ತಪ್ಪು!

ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಕೇಳಿದೆ. 'ಹಾಳ್ಯಾಗ ಹಂಗ ಬರದಿಲ್ರೀ ಸರ್, ನಾವೇನ್ ಮಾಡೂದು' ಅಂದರು ಮೇಷ್ಟ್ರು. ಪಾಪ, ಪ್ರಶ್ನೆ ಅವರು ಬರೆದದ್ದಲ್ಲ. ಯಾವುದೋ ಗೈಡಿನಿಂದ ಯಾರೋ ಇಳಿಸಿಕೊಂಡು ಬಂದು ಕೊಟ್ಟಿದ್ದು. ಅದಕ್ಕೂ ಜಾಸ್ತಿ ಚುಚ್ಚಿದ್ದು ಮನೆಗೆ ಬರುವ ದಾರಿಯಲ್ಲಿ ಹುಡುಗ ಕೇಳಿದ ಮಾತು. 'ಮಾಮಾ, ಹಂಗಾರ ಗದುಗಿನ ಭಾರತ ಅನ್ನೂದು ಬ್ಯಾರೆ ಪುಸ್ತಕ ಏನು?'

ಗೊತ್ತಿದ್ದದ್ದರ ಮೇಲೂ ಹುಡುಗನಿಗೆ ಅನುಮಾನ ಬಂದಿತ್ತು. ಕ್ವಿಜ್ ಅನ್ನುವುದು ಇದಕ್ಕಾ ಇರೋದು?

ನಾನು ಇರುವುದು ಶಿಕಾಗೋ ಹತ್ತಿರ. ಮಗಳು ಹೈಸ್ಕೂಲಿನಲ್ಲಿ 'ಕ್ವಿಜ್ ಬೌಲ್' ಆಡುತ್ತಾಳೆ. 1953ರಲ್ಲಿ ಅಮೆರಿಕದ ರೇಡಿಯೊದಲ್ಲಿ ಶುರುವಾದ ಕಾಲೇಜು ಕ್ವಿಜ್ ಒಂದರಿಂದ ಬೆಳೆದು ಬಂದ ಆಟ ಇದು. ಅದೇ ಮಾದರಿಯ ಮೇಲೆ ಬ್ರಿಟನ್ನಿನಲ್ಲಿ 1962ರಲ್ಲಿ ಟಿವಿ ಕಾರ್ಯಕ್ರಮವೂ ಬಂತು. ಈಗ ಅಮೆರಿಕದ ಶಾಲೆ, ಕಾಲೇಜುಗಳಲ್ಲಿ ಶನಿವಾರ ಬಂತೆಂದರೆ ಎಲ್ಲೋ ಒಂದು ಕಡೆ ಪಂದ್ಯ ಇದ್ದೇ ಇರುತ್ತದೆ. ಅಂಕ ಬರೆಯಲು ಅಪ್ಪ-ಅಮ್ಮಂದಿರನ್ನೇ ಕೂರಿಸುತ್ತಾರೆ. ಹಾಗಾಗಿ ಇದನ್ನು ನಾನು ತೀರಾ ಹತ್ತಿರದಿಂದ ನೋಡಿದ್ದೇನೆ.

ವೇದಿಕೆ ಇರುವುದಿಲ್ಲ. ಸಾದಾ ಕ್ಲಾಸ್‌ರೂಮು. ಎರಡು ಕಡೆ ನಾಲ್ಕು ನಾಲ್ಕು ಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ವೈರ್ ಇರುವ ಒಂದು ಬಜರ್. ನಡುವೆ ಪ್ರಶ್ನೆ ಓದುವವರು. ಅವರ ಕೈಯಲ್ಲಿ 20 ಪ್ರಶ್ನೆಗಳ ಒಂದು ಕಟ್ಟು. ಅದಕ್ಕೆ ಪ್ಯಾಕೆಟ್ ಅನ್ನುತ್ತಾರೆ. ಎಲ್ಲಾ ರೂಮುಗಳಲ್ಲೂ ಅದೇ ಹೊತ್ತಿಗೆ ಅದೇ ಪ್ಯಾಕೆಟ್ ನಡೆಯುತ್ತದೆ. ಸುತ್ತು ಎಲ್ಲಾ ಕಡೆ ಮುಗಿಯುವ ತನಕ ಹೊರಗೆ ಹೋಗಿ ಯಾರೂ ಪ್ರಶ್ನೆಯ ಸುದ್ದಿ ಎತ್ತುವಂತಿಲ್ಲ.

ಆ 20ರಲ್ಲಿ ವಿಜ್ಞಾನಕ್ಕೆ ಸಾಮಾನ್ಯವಾಗಿ ಸಿಗುವುದು ಬರೀ 4. ಸಾಹಿತ್ಯಕ್ಕೆ 4, ಇತಿಹಾಸಕ್ಕೆ 4, ಚಿತ್ರಕಲೆ-ಸಂಗೀತಕ್ಕೆ 3ರಷ್ಟು. ಉಳಿದದ್ದರಲ್ಲಿ ಧರ್ಮ, ಪುರಾಣ, ತತ್ವಶಾಸ್ತ್ರ, ಸಮಾಜಶಾಸ್ತ್ರ ಬರುತ್ತವೆ. ಬರೀ ಸಾಹಿತ್ಯದ್ದೇ, ಬರೀ ಇತಿಹಾಸದ್ದೇ ಪಂದ್ಯಗಳೂ ಉಂಟು. ಹುಬ್ಬಳ್ಳಿ-ಧಾರವಾಡದಲ್ಲಿ ಜಾಣ ಹುಡುಗ ಅಂದರೆ ಪಿಯುಸಿ ಸೈನ್ಸ್, ಸಿಇಟಿ ಅಂತ ಕೇಳುತ್ತಾ ಬೆಳೆದವನಿಗೆ ಇದನ್ನು ನೋಡಿಯೇ ಹೊಟ್ಟೆ ತುಂಬಿತು.

ಆದರೆ ನಾನು ಹೇಳಬೇಕಾದದ್ದು ಪ್ರಶ್ನೆಯ ಬಗ್ಗೆ. ಅಲ್ಲಿ ಒಂದು ಪ್ರಶ್ನೆ ಅಂದರೆ ಒಂದು ಪ್ಯಾರಾ. ಎಲ್ಲಕ್ಕಿಂತ ಕಷ್ಟದ ಸುಳಿವು ಮೊದಲು. ಓದುತ್ತಾ ಹೋದ ಹಾಗೆ ಸುಲಭವಾಗುತ್ತದೆ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಬಹುತೇಕ ಎಲ್ಲರಿಗೂ ಗೊತ್ತಿರುವ ಸುಳಿವು. ನಡುವೆ ಯಾರು ಬೇಕಾದರೂ ಬಜರ್ ಒತ್ತಬಹುದು. ಒತ್ತಿದ ಕೂಡಲೇ ಓದುವವರು ಆ ಪದಕ್ಕೇ ನಿಲ್ಲಿಸುತ್ತಾರೆ. ಸರಿಯಾದರೆ 10 ಅಂಕ. ಕೆಲವು ಪಂದ್ಯಗಳಲ್ಲಿ, ಗುರುತು ಹಾಕಿದ ಜಾಗಕ್ಕಿಂತ ಮೊದಲೇ ಹೇಳಿದರೆ 15. ಅವಸರಪಟ್ಟು ನಡುವೆ ಒತ್ತಿ ತಪ್ಪಿದರೆ 5 ಅಂಕ ಕಳೆಯುತ್ತಾರೆ, ಉಳಿದ ಪ್ರಶ್ನೆಯನ್ನು ಎದುರಿನ ತಂಡಕ್ಕೆ ಪೂರ್ತಿ ಓದುತ್ತಾರೆ. ಈ ಮೊದಲ ಪ್ರಶ್ನೆಗೆ ಒಬ್ಬರೇ ಉತ್ತರಿಸಬೇಕು, ಪಕ್ಕದವರನ್ನು ಕೇಳುವಂತಿಲ್ಲ. ಸರಿ ಉತ್ತರ ಹೇಳಿದ ತಂಡಕ್ಕೆ ಬೋನಸ್ ಪ್ರಶ್ನೆ ಸಿಗುತ್ತದೆ. ಮೂರು ಭಾಗ, ಒಂದೊಂದಕ್ಕೆ 10. ಅಲ್ಲಿ ನಾಲ್ವರೂ ತಲೆ ಸೇರಿಸಿ ಮಾತಾಡಿಕೊಳ್ಳಬಹುದು.

ಕುಮಾರವ್ಯಾಸನ ಮೇಲೆ ಅಂಥ ಪ್ರಶ್ನೆ ಇದ್ದಿದ್ದರೆ ಹೇಗಿರುತ್ತಿತ್ತು? ಅವತ್ತು ರಾತ್ರಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಬರೆದೆ:

'ಈ ಕವಿ ತನ್ನ ಕಾವ್ಯದ ಶುರುವಿನಲ್ಲಿ, ರಾಮಾಯಣ ಬರೆದವರ ಭಾರಕ್ಕೆ ಆದಿಶೇಷ ತಿಣುಕಿದ ಎನ್ನುತ್ತಾನೆ. ಈತ ಹತ್ತು ಪರ್ವಕ್ಕೆ ಬಿಟ್ಟ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದ. ಮಿಂದು ಬಂದ ಒದ್ದೆ ಬಟ್ಟೆ ಆರುವ ತನಕ ಮಾತ್ರ ಈತ ಬರೆಯುತ್ತಿದ್ದ ಎಂದು ಜನ ಹೇಳುತ್ತಾರೆ. ನಾರಣಪ್ಪ ಎಂಬ ಹೆಸರಿನ, ಕೋಳಿವಾಡದ ಈ ಕವಿ ಭಾಮಿನಿ ಷಟ್ಪದಿಯನ್ನು ಆರಿಸಿಕೊಂಡ. 10 ಅಂಕಕ್ಕೆ, ವೀರನಾರಾಯಣನ ಸನ್ನಿಧಿಯಲ್ಲಿ ಗದುಗಿನ ಭಾರತ ಬರೆದ ಕವಿ ಯಾರು?'

ಕಾವ್ಯ ಓದಿದ ಹುಡುಗಿ, ಅಥವಾ ಗಮಕ ಕೇಳಿ ಬೆಳೆದ ಹುಡುಗ, ಆದಿಶೇಷ ಅಂದ ಕೂಡಲೇ ಒತ್ತುತ್ತಾರೆ. ಸಾಹಿತ್ಯ ಚರಿತ್ರೆ ಓದಿದವರು ತಿಮ್ಮಣ್ಣನ ಹತ್ತಿರ. ಅಜ್ಜನಿಂದ ಕಥೆ ಕೇಳಿದವರು ಒದ್ದೆ ಬಟ್ಟೆಯ ಹತ್ತಿರ. ಬರೀ ಗೈಡ್ ಉರು ಹೊಡೆದವನಿಗೆ ಕೊನೆಯ ಸಾಲು ಬರಬೇಕು. ಅವನಿಗೂ ಅಂಕ ಉಂಟು, ಯಾರೂ ಮೊದಲೇ ಒತ್ತದಿದ್ದರೆ. ಯಾರು ಎಷ್ಟು ಓದಿದ್ದಾರೆ ಅನ್ನುವುದು ಒಂದೇ ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ. 'ಕಾವ್ಯ ಯಾವುದು?' ಅನ್ನುವ ಒಂದು ಸಾಲಿನ ಪ್ರಶ್ನೆಯಲ್ಲಿ, ಇಡೀ ಭಾರತ ಓದಿದವನೂ ಹೆಸರಷ್ಟೇ ಉರು ಹೊಡೆದವನೂ ಒಂದೇ. ನಮ್ಮ ಹುಡುಗನ ವಿಷಯದಲ್ಲಿ, ಓದಿದವನೇ ಸೋತ.

ಉತ್ತರದ ಜಾಗವನ್ನೂ ಅಲ್ಲಿ ಅಷ್ಟೇ ಎಚ್ಚರದಿಂದ ಬರೆದಿರುತ್ತಾರೆ. ಯಾವ ಯಾವ ಹೆಸರು ಹೇಳಿದರೆ ಒಪ್ಪಬೇಕು, ಯಾವುದಕ್ಕೆ ಇನ್ನೊಂದು ಅವಕಾಶ ಕೊಡಬೇಕು ಅಂತ ಪ್ರಶ್ನೆಯ ಕೆಳಗೇ ಇರುತ್ತದೆ. ಆ ಲೆಕ್ಕದಲ್ಲಿ ಗದಗಿನ ಪ್ರಶ್ನೆಯ ಉತ್ತರ ಹೀಗಿರಬೇಕಿತ್ತು: ಕರ್ಣಾಟ ಭಾರತ ಕಥಾಮಂಜರಿ. ಗದುಗಿನ ಭಾರತ, ಕುಮಾರವ್ಯಾಸ ಭಾರತ ಎಂದರೂ ಸರಿ. ಬರೀ ಭಾರತ ಎಂದರೆ 'ಯಾವ ಭಾರತ?' ಎಂದು ಕೇಳಿ, ಪಂಪನದೂ ಇದೆಯಲ್ಲ. ಇಷ್ಟಿದ್ದರೆ ಮೇಷ್ಟ್ರಿಗೂ ಸಂಕಟ ಇಲ್ಲ. ಅಷ್ಟಾದರೂ ತಂಡಕ್ಕೆ ಒಪ್ಪಿಗೆ ಆಗದಿದ್ದರೆ ಆಕ್ಷೇಪ ಹೇಳಬಹುದು. ಅದನ್ನು ಬರೆದಿಟ್ಟುಕೊಂಡು, ಫಲಿತಾಂಶಕ್ಕೆ ವ್ಯತ್ಯಾಸ ಆಗುವ ಹಾಗಿದ್ದರೆ ಆಮೇಲೆ ಪುಸ್ತಕ ತೆಗೆದು ನೋಡುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು 'ನನ್ನ ಉತ್ತರವೂ ಸರಿ ಅನ್ನಿಸುತ್ತದೆ' ಅಂದರೆ ಯಾರೂ ಸಿಟ್ಟಾಗುವುದಿಲ್ಲ. ನಮ್ಮಲ್ಲಿ ಹಾಗೆ ಅಂದ ಮಕ್ಕಳಿಗೆ ಏನು ಹೆಸರು ಬರುತ್ತದೆ ಅಂತ ನಿಮಗೂ ಗೊತ್ತು.

ಇನ್ನು ನಮ್ಮ ಪಾಸ್ ಪದ್ಧತಿ. ಒಂದನೇ ತಂಡಕ್ಕೆ ಒಂದನೇ ಪ್ರಶ್ನೆ, ಎರಡನೇ ತಂಡಕ್ಕೆ ಎರಡನೇದು. ಒಬ್ಬರಿಗೆ ಕರ್ನಾಟಕದ ರಾಜಧಾನಿ, ಇನ್ನೊಬ್ಬರಿಗೆ ಹೊಯ್ಸಳರ ವಂಶಾವಳಿ. ಸೋಲು-ಗೆಲುವಿನ ಅರ್ಧ ಭಾಗ ಚೀಟಿ ಎತ್ತುವಾಗಲೇ ಮುಗಿದಿರುತ್ತದೆ. ಬಜರ್ ಇದ್ದರೆ ಎಲ್ಲಾ ಪ್ರಶ್ನೆಯೂ ಎಲ್ಲರದ್ದು.

ಧಾರವಾಡದ ಮಟ್ಟಿಗೆ ನನಗೆ ಸಂಕಟ ಇನ್ನೂ ಜಾಸ್ತಿ. 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ಊರು. ಬೇಂದ್ರೆಯವರ ಸಾಧನಕೇರಿ ಇರುವ ಊರು. ಈಗ ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಬೋರ್ಡುಗಳು ಓಣಿ ಓಣಿಗೆ ಇವೆ. ಆ ಪರೀಕ್ಷೆಯ ರೂಪವೇ ಶಾಲೆಯ ಕ್ವಿಜ್ ಒಳಗೂ ಬಂದು ಕೂತಿದೆ. ಬೇಂದ್ರೆಯವರಿಗೆ ಜ್ಞಾನಪೀಠ ಬಂದದ್ದು ಯಾವಾಗ? 1973. ಗೋಕಾಕರಿಗೆ? 1990. ಮಕ್ಕಳು ಥಟ್ ಅಂತ ಹೇಳುತ್ತಾರೆ. ಬೇಂದ್ರೆಯವರ ಒಂದು ಪದ್ಯದ ನಾಲ್ಕು ಸಾಲು ಓದಿ ಇದು ಯಾರದು ಅಂತ ಕೇಳುವವರೇ ಇಲ್ಲ. ಹಾವೇರಿ ಕಡೆಯ ಮಕ್ಕಳನ್ನು ದಂಡಿ ಯಾತ್ರೆ ಯಾವ ವರ್ಷ ಅಂತ ಕೇಳುತ್ತಾರೆ. 1930 ಅಂದರೆ ಮುಗಿಯಿತು. ಆ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೋಟೆಬೆನ್ನೂರಿನ ಹುಡುಗ, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದ ಮೈಲಾರ ಮಹಾದೇವಪ್ಪ, ಒಂದು ಪ್ರಶ್ನೆಗೂ ಬರುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಕೇಳುವಾಗ ಅಮೆರಿಕದವರು ವರ್ಷದಿಂದ ಶುರು ಮಾಡುವುದಿಲ್ಲ. ಕಿಂಗ್ ಜೈಲಿನಿಂದ ಬರೆದ ಪತ್ರದ ಒಂದು ವಾದದಿಂದ ಶುರು ಮಾಡುತ್ತಾರೆ.

ಪ್ರಶ್ನೆ ಚೆನ್ನಾಗಿದ್ದರೆ ಅದೇ ಮುಂದಿನ ಪುಸ್ತಕಕ್ಕೆ ದಾರಿ. ಮಗಳು ಸೋತ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಒಂದು ಸಲ ಯಾವುದೋ ಚಿತ್ರದ ವರ್ಣನೆ ಕೇಳಿ ಉತ್ತರ ಹೊಳೆಯದೆ, ಮುಂದಿನ ವಾರ ಅದನ್ನು ನೋಡಲೆಂದೇ ನನ್ನನ್ನು ಮ್ಯೂಸಿಯಂಗೆ ಎಳೆದುಕೊಂಡು ಹೋದಳು. ಅಂಕಕ್ಕೆ ಅಂತ ಶುರುವಾದದ್ದು ಅಲ್ಲಿಗೆ ಮುಟ್ಟಿತು.

ಅಕ್ಕ ಇದನ್ನೆಲ್ಲ ಕೇಳಿಸಿಕೊಂಡು, 'ಅಲ್ಲಿದ್ದದ್ದೆಲ್ಲಾ ಬಂಗಾರ, ಇಲ್ಲಿದ್ದದ್ದೆಲ್ಲಾ ಕಬ್ಬಿಣ ಅಂತಿಯೇನಪಾ?' ಅಂದಳು. ಹಾಗೇನೂ ಅಲ್ಲ. ಒಪ್ಪಲೇಬೇಕಾದ ಮಾತುಗಳಿವೆ. ಅಲ್ಲೂ ಉರು ಹೊಡೆಯುವವರಿದ್ದಾರೆ. ಹಳೆಯ ಪ್ಯಾಕೆಟ್‌ಗಳು ಇಂಟರ್ನೆಟ್ಟಿನಲ್ಲಿ ಸುಮ್ನೆ ಸಿಗುತ್ತವೆ. ಪುಸ್ತಕ ಮುಟ್ಟದೆ ಬರೀ ಸುಳಿವುಗಳನ್ನೇ ಕಾರ್ಡುಗಳಲ್ಲಿ ಬರೆದು ಬಾಯಿಪಾಠ ಮಾಡುವ ಮಕ್ಕಳನ್ನು ನಾನೇ ನೋಡಿದ್ದೇನೆ. ಪ್ರವೇಶಕ್ಕೆ ದುಡ್ಡು, ದೂರದ ಊರಿಗೆ ಹೋಟೆಲು, ಪ್ರಯಾಣ. ನಾನು ಅಂಕ ಬರೆದ ಪಂದ್ಯಗಳಿಗೆ ಬರುತ್ತಿದ್ದವರಲ್ಲಿ ಅನುಕೂಲಸ್ಥ ಊರುಗಳ ಶಾಲೆಗಳೇ ಜಾಸ್ತಿ. ರೂಮಿನಲ್ಲಿ ಪ್ರೇಕ್ಷಕರು ಅಂತ ಇರುತ್ತಿದ್ದದ್ದು ಒಬ್ಬಿಬ್ಬರು ಪಾಲಕರು.

ಗದಗಿನಲ್ಲಿ ಆ ದಿನ ಹಾಲ್ ತುಂಬಿತ್ತು. ಸರ್ಕಾರಿ ಶಾಲೆಯ ಮಕ್ಕಳು, ಕಾನ್ವೆಂಟ್ ಮಕ್ಕಳು ಒಂದೇ ವೇದಿಕೆ ಮೇಲೆ. ಎಲ್ಲಾ ಕನ್ನಡದಲ್ಲೇ. ತಂಡಗಳಿಗೆ ಬಾರದ ಪ್ರಶ್ನೆಯನ್ನು ಪ್ರೇಕ್ಷಕರಿಗೆ ಬಿಟ್ಟಾಗ, ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿ ಕೂತಿದ್ದ ಒಬ್ಬ ಯಜಮಾನರು ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಕೂಗಿ ಹೇಳಿದರು. ಇಡೀ ಹಾಲ್ ಚಪ್ಪಾಳೆ. ಇಂಥದ್ದು ಶಿಕಾಗೋದಲ್ಲಿ ನಾನು ಕಂಡಿಲ್ಲ. ದೂರದರ್ಶನ ಚಂದನದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ'ಯಲ್ಲಿ ಡಾ. ನಾ. ಸೋಮೇಶ್ವರ ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾ ಬಂದದ್ದೂ ನಮ್ಮಲ್ಲೇ ಅಲ್ವಾ? ಬೆಂಗಳೂರಿನಲ್ಲಿ 1983ರಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ನಿನಂಥ ಕಡೆ, ನೆನಪಿಲ್ಲದಿದ್ದರೂ ಯೋಚನೆ ಮಾಡಿ ಹಿಡಿಯಬಹುದಾದ ಪ್ರಶ್ನೆ ಕಟ್ಟುವ ಜನರಿದ್ದಾರೆ. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುವುದರಿಂದ ಗದಗ, ಹಾವೇರಿಗೆ ಮುಟ್ಟಿಲ್ಲ, ಅಷ್ಟೇ. ಅಮೆರಿಕದ ಪ್ಯಾಕೆಟ್‌ಗಳಲ್ಲಿ ಮಹಾಭಾರತ ಬರುತ್ತದೆ, ಕಾಳಿದಾಸ, ಠಾಗೋರ್ ಬರುತ್ತಾರೆ. ಪಂಪನೋ ಬಸವಣ್ಣನೋ ಬಂದದ್ದನ್ನು ನಾನು ಕೇಳಿಲ್ಲ. ಮಗಳಿಗೆ ಕುಮಾರವ್ಯಾಸನ ಹೆಸರು ಗೊತ್ತಾದದ್ದು ಅಕ್ಕನ ಮಗನ ಬಾಯಿಂದ.

ಹಾಗಾಗಿ ಜನ ಇದ್ದಾರೆ, ಹಾಲ್ ಇದೆ, ಆಸೆ ಇದೆ. ಇಲ್ಲದಿರುವುದು ಕೂತು ಬರೆದ ಪ್ರಶ್ನೆ. ಅದೇನೂ ದುಡ್ಡಿನ ಕೆಲಸ ಅಲ್ಲ, ಆದರೆ ಸುಲಭವೂ ಅಲ್ಲ. ಮರುದಿನ ಅಕ್ಕನ ಮಗ ಶಿಶುನಾಳ ಶರೀಫರ ಮೇಲೆ ಒಂದು ಪ್ರಶ್ನೆ ಬರೆದು ತಂದ. ಮೊದಲ ಸಾಲಿನಲ್ಲೇ 'ಇವರ ಗುರು ಕಳಸದ ಗೋವಿಂದ ಭಟ್ಟರು' ಅಂತ ಇತ್ತು. ಹಾಗೆ ಶುರು ಮಾಡಿದರೆ ನಮ್ಮ ಕಡೆ ಎಂಟೂ ಕೈ ಒಟ್ಟಿಗೇ ಬಜರ್ ಒತ್ತುತ್ತವೆ. ಆಮೇಲೆ ಗೆಲ್ಲುವುದು ಯಾರ ಬೆರಳು ಚುರುಕೋ ಅವರು. ಅದನ್ನು ಕೆಳಗೆ ತಂದ. 1819ರಿಂದ 1889 ಅನ್ನುವ ವರ್ಷಗಳನ್ನು ಹೊಡೆದು ಹಾಕಿದ. ಮೊದಲ ಸಾಲಿಗೆ, ಎಲ್ಲರೂ ಹಾಡದ ಒಂದು ತತ್ವಪದ ಬೇಕು ಅಂತ ಅವನೇ ಹುಡುಕಲು ಕೂತ. ಮಧ್ಯಾಹ್ನದ ಊಟಕ್ಕೆ ಎಬ್ಬಿಸಲು ಅಕ್ಕ ಮೂರು ಸಲ ಕರೆಯಬೇಕಾಯಿತು.

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಕನ್ನಡ, ಇತಿಹಾಸ ಮೇಷ್ಟ್ರುಗಳಲ್ಲಿ ಹತ್ತು ಮಂದಿ ತಲಾ ಎರಡು ಪ್ರಶ್ನೆ ಬರೆದರೆ ಒಂದು ಪ್ಯಾಕೆಟ್ ಆಗುತ್ತದೆ. ಮುಂದಿನ ನವೆಂಬರ್ ಕಾರ್ಯಕ್ರಮಕ್ಕೆ ಯಾವುದಾದರೂ ಒಂದು ಶಾಲೆ ಪಾಸ್ ಪದ್ಧತಿ ಬಿಟ್ಟು ಅದನ್ನು ನಡೆಸಿ ನೋಡಲಿ. ಎಂಟು ಬಜರ್‌ಗಳ ಸೆಟ್ ನಾನು ತಂದುಕೊಡುತ್ತೇನೆ. ಶರೀಫರ ಪ್ರಶ್ನೆ ಆಗಲೇ ತಯಾರಿದೆ, ಇನ್ನು 19 ಬೇಕು.