ಪಾಕ ಬಂತಾ ತಮ್ಮಾ?

ಶಿವಮೊಗ್ಗದ ಅಂಚಿನಲ್ಲಿ ಒಂದು ಪಾರ್ಕಿದೆ. ಹೆಸರು ಬೇಡ. ಯಾಕಂದ್ರೆ ಅದರ ಬಗ್ಗೆ ಸ್ವಲ್ಪ ಕೊಂಕು ಮಾತಾಡುವವನಿದ್ದೇನೆ, ನಾಳೆ ಬೆಳಿಗ್ಗೆ ಮತ್ತೆ ಅಲ್ಲಿಗೇ ವಾಕಿಂಗ್ ಹೋಗಬೇಕು. ಜನ ಅದನ್ನು ಸಂಸ್ಕೃತಿ ಪಾರ್ಕು ಅಂತ ಕರೆಯುತ್ತಾರೆ. ಗೇಟು ದಾಟಿದರೆ ನಮ್ಮ ಮಲೆನಾಡೆಲ್ಲ ಸಿಮೆಂಟಿನಲ್ಲಿ ನಿಂತಿರುತ್ತದೆ. ಡೊಳ್ಳು ಬಾರಿಸುವವರು ಆರು ಜನ. ಅದರಲ್ಲಿ ಒಬ್ಬನ ಕೈಯ ಕೋಲು ಮುರಿದು ಒಳಗಿನ ಕಬ್ಬಿಣದ ಸರಳು ಕಾಣುತ್ತಿದೆ, ಆದರೂ ಪುಣ್ಯಾತ್ಮ ನಗುವುದು ಬಿಟ್ಟಿಲ್ಲ. ಕೇದಿಗೆ ಮುಂದಲೆ ಕಟ್ಟಿದ ಯಕ್ಷಗಾನದ ವೇಷ ಒಂದು. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವ ಹೆಂಗಸರು ಮೂವರು. ಎಲ್ಲರ ಮುಂದೆಯೂ 'ಮುಟ್ಟಬೇಡಿ' ಅಂತ ಬೋರ್ಡು.

ಕೊನೆಗೆ ಒಂದು ಆಲೆಮನೆ. ಗಾಣ, ಅದಕ್ಕೆ ಕಟ್ಟಿದ ಎರಡು ಎತ್ತು, ದೊಡ್ಡ ಕೊಪ್ಪರಿಗೆ, ಪಕ್ಕದಲ್ಲಿ ಉದ್ದನೆ ಹುಟ್ಟು ಹಿಡಿದ ಆಳು. ಕೊಪ್ಪರಿಗೆಯೊಳಗೆ ಕಂದು ಬಣ್ಣ ಬಳಿದಿದ್ದಾರೆ, ಅದೇ ಬೆಲ್ಲ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಸೊಳ್ಳೆಮರಿ ಆಡುತ್ತವೆ.

ಈ ಏಪ್ರಿಲ್‌ನಲ್ಲಿ ಆ ಆಲೆಮನೆಯ ಪಕ್ಕದಲ್ಲೇ, ಮೊದಲು ಎಳನೀರಿನವನು ಕೂರುತ್ತಿದ್ದ ಜಾಗದಲ್ಲಿ, ಒಂದು ಕ್ಯಾಂಡಿ ಅಂಗಡಿ ಶುರುವಾಯಿತು. ಗಾಜಿನ ಗೋಡೆ, ಗುಲಾಬಿ ಬಣ್ಣದ ಬೋರ್ಡು, ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು. ನನಗೆ ಸಿಟ್ಟು ಬಂತು. ಸಂಸ್ಕೃತಿ ನೋಡೋಕೆ ಬಂದವರಿಗೆ ಕ್ಯಾಂಡಿ ಯಾಕೆ, ಒಂದು ಕಡ್ಲೆ ಮಿಠಾಯಿ ಇಡಬಾರದಿತ್ತಾ, ಬೆಂಡು ಬತ್ತಾಸು ಇಡಬಾರದಿತ್ತಾ ಅಂತ ಮನೆಗೆ ಬಂದು ಕೂಗಾಡಿದೆ. ಬೆಂಡು ಬತ್ತಾಸು ತಿಂದು ನನಗೇ ಎಷ್ಟೋ ವರ್ಷವಾಯಿತು, ಆ ಮಾತು ಬೇರೆ. ಕೂಗಾಡಿದ್ದರ ಫಲ ಇಷ್ಟೇ: ಒಂಬತ್ತು ವರ್ಷದ ಮಗಳಿಗೆ ಅಂಗಡಿ ಇರುವ ವಿಷಯ ಗೊತ್ತಾಯಿತು. ಭಾನುವಾರ ಸಂಜೆ ಅವಳು ಹೊರಟಳು, ಜೊತೆಗೆ ನನ್ನ ಅಮ್ಮನೂ ಹೊರಟಳು.

ಅಮ್ಮ ಸಾಗರದ ಕಡೆಯವಳು. ಅವಳ ತವರಿನಲ್ಲಿ ಕಬ್ಬಿನ ಗದ್ದೆ ಇತ್ತು, ಆಲೆಮನೆ ಇತ್ತು. ಸಿಮೆಂಟಿನ ಆಲೆಮನೆ ಮುಂದೆ ನಿಂತು ಅವಳು ಕೇಳಿದ ಮೊದಲ ಪ್ರಶ್ನೆ, "ಕೋಣ ಎಲ್ಲಿ?" ಮಲೆನಾಡಿನ ಗಾಣಕ್ಕೆ ಕೋಣ ಕಟ್ಟುತ್ತಿದ್ದರು. ಸುತ್ತಿ ಸುತ್ತಿ ಅದಕ್ಕೆ ದಾರಿ ಎಷ್ಟು ಬಾಯಿಪಾಠ ಆಗುತ್ತಿತ್ತು ಅಂದರೆ, ಹೊಡೆಯುವವನು ನಿದ್ದೆ ಮಾಡಿದರೂ ಕೋಣ ಸುತ್ತುತ್ತಲೇ ಇರುತ್ತಿತ್ತಂತೆ. ಎರಡನೇ ಪ್ರಶ್ನೆ, "ಒಲೆಗೆ ಬಾಯಿ ಎಲ್ಲಿ?" ನೋಡಿದರೆ ನಿಜ, ಕೊಪ್ಪರಿಗೆ ನೆಲದ ಮೇಲೆ ಸುಮ್ನೆ ಕೂತಿದೆ, ಕೆಳಗೆ ಬೆಂಕಿಗೆ ಜಾಗವೇ ಇಲ್ಲ. ನಾನು ನಾಲ್ಕು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಹೊಳೆದೇ ಇರಲಿಲ್ಲ.

ಆಮೇಲೆ ಅವಳು ಶುರು ಮಾಡಿದಳು. ಕಬ್ಬಿನ ಹಾಲು ಕುದಿಯುವಾಗ ಕೊಳೆ ಮೇಲೆ ಬರಲಿ ಅಂತ ಬೆಂಡೆ ಗಿಡದ ಲೋಳೆ ಹಾಕುವುದು, ಹಾಲಿನ ಹುಳಿ ಮುರಿಯಲಿ ಅಂತ ಸುಣ್ಣದ ತಿಳಿ ಹಾಕುವುದು, ಬಾಳೆ ಎಲೆ ತುಂಡಿನ ಮೇಲೆ ಬಿಸಿ ನೊರೆಬೆಲ್ಲ ಹಾಕಿಸಿಕೊಂಡು ನಾಲಿಗೆ ಸುಟ್ಟುಕೊಳ್ಳುವುದು, ಸಿಹಿ ಹೆಚ್ಚಾದವರಿಗೆ ಖಾರದ ಮಂಡಕ್ಕಿ, ಮನೆಗೆ ತಂದ ಹಾಲಿನಲ್ಲಿ ದೋಸೆ, ತೊಡದೇವು, ಅಚ್ಚು ಕಟ್ಟದೆ ನೀರಾಗಿಯೇ ಉಳಿಯುವ ಜೋನಿಬೆಲ್ಲ ಡಬ್ಬಿಗಟ್ಟಲೆ. ಮಗಳು ಎಲ್ಲ ಕೇಳಿ, ಕೊಪ್ಪರಿಗೆಯೊಳಗೆ ಇಣುಕಿ, "ಇದ್ರಲ್ಲಿ ಸಿಗಲ್ವಾ ಅಜ್ಜಿ?" ಎಂದಳು.

ಸಿಗಲ್ಲ. ಸಿಗುವುದು ಪಕ್ಕದ ಅಂಗಡಿಯಲ್ಲಿ.

ಒಳಗೆ ಸ್ಟೀಲಿನ ದೊಡ್ಡ ಮೇಜು, ಗ್ಯಾಸ್ ಒಲೆ, ಒಲೆ ಮೇಲೆ ಪಾತ್ರೆ. ಪಾತ್ರೆಯಲ್ಲಿ ಸಕ್ಕರೆ ಕುದಿಯುತ್ತಿತ್ತು. ಹುಡುಗ ಭದ್ರಾವತಿ ಕಡೆಯವನು, ಬೆಂಗಳೂರಿನ ಒಂದು ಮಾಲ್‌ನಲ್ಲಿ ಮೂರು ವರ್ಷ ಈ ಕೆಲಸ ಕಲಿತು ಬಂದಿದ್ದಾನೆ. ಪಾತ್ರೆಯ ಅಂಚಿಗೆ ಸಿಕ್ಕಿಸಿದ ಥರ್ಮಾಮೀಟರನ್ನೇ ನೋಡುತ್ತಾ ನಿಂತಿದ್ದ.

"ಪಾಕ ಬಂತಾ ತಮ್ಮಾ?" ಅಂತ ಅಮ್ಮ ಕೇಳಿದಳು.

"ಇಲ್ಲ ಅಜ್ಜಿ, ಇನ್ನೂ 138."

"138 ಅಂದ್ರೆ ಎಷ್ಟೆಳೆ?"

ಹುಡುಗ ನನ್ನ ಮುಖ ನೋಡಿದ. ನಾನು ಮಗಳ ಮುಖ ನೋಡಿದೆ. ಎಳೆಯ ಕಾಲ ಅದಾಗಲೇ ದಾಟಿತ್ತು. ಎಳೆ ಪಾಕ ಬರುವುದು ನೀರು ಕುದಿಯುವ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಆಮೇಲೆ ಉಂಡೆ ಪಾಕ, ಅದೂ ದಾಟಿದರೆ ಗಟ್ಟಿ ಪಾಕ. 138ರಲ್ಲಿ ಇಳಿಸಿದರೆ ಮಿಠಾಯಿ ಹಲ್ಲಿಗೆ ಅಂಟುತ್ತದೆ. 150ರ ಹತ್ತಿರ ಬಂದರೆ ಗಾಜಿನ ಹಾಗೆ ಮುರಿಯುತ್ತದೆ. ಇದನ್ನು ಹುಡುಗ ಡಿಗ್ರಿಯಲ್ಲಿ ಹೇಳಿದ. ಅಮ್ಮ, "ನಾವು ಒಂದು ಹನಿ ತಣ್ಣೀರಿಗೆ ಬಿಡ್ತಿದ್ವಿ. ಬಟ್ಟಲಿಗೆ ಟಣ್ ಅಂತ ಬಡೀಬೇಕು, ಬಡಿದ್ರೆ ಪಾಕ" ಎಂದಳು. ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದಾರೆ ಅಂತ ಇಬ್ಬರಿಗೂ ಅರ್ಥವಾಗಲು ಐದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಪಾಕ ಬಂತು.

ಅವನು ಅದನ್ನು ಮೇಜಿನ ಮೇಲೆ ಸುರಿದ. ಜೇನಿನ ಬಣ್ಣ, ಅಂಚು ಆರುತ್ತಾ ಸುಕ್ಕುಗಟ್ಟುತ್ತಿತ್ತು. ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಮಡಚಿದ, ಮತ್ತೆ ಮಡಚಿದ. ಹಿಟ್ಟಿನ ಹದಕ್ಕೆ ಬಂದ ಮೇಲೆ ಗೋಡೆಯ ಕೊಕ್ಕೆಗೆ ನೇತು ಹಾಕಿ ಎಳೆಯತೊಡಗಿದ. ಎಳೆದು ಮಡಚಿ ಕೊಕ್ಕೆಗೆ ಹಾಕುವುದು, ಮತ್ತೆ ಎಳೆಯುವುದು. ಎಳೆದ ಹಾಗೆಲ್ಲ ಒಳಗೆ ಗಾಳಿ ಸೇರಿ ಆ ಜೇನಿನ ಬಣ್ಣ ನಿಧಾನಕ್ಕೆ ರೇಷ್ಮೆಯ ಬಿಳಿಗೆ ತಿರುಗಿತು. ಬಣ್ಣ ಹಾಕಿಲ್ಲ, ಏನೂ ಇಲ್ಲ, ಬರೀ ಗಾಳಿ. ಮಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ನನ್ನ ಮೂಗೂ ಅಲ್ಲೇ ಎಲ್ಲೋ ಇತ್ತು.

ಆಗ ನನಗೆ ಬೊಂಬೆ ಮಿಠಾಯಿಯವನು ನೆನಪಾದ. ಉದ್ದ ಬಿದಿರಿನ ಗಳ, ಗಳದ ತುದಿಯಲ್ಲಿ ಚಪ್ಪಾಳೆ ತಟ್ಟುವ ಬೊಂಬೆ, ಬೊಂಬೆಯ ಕೆಳಗೆ ಗಳಕ್ಕೆ ಸುತ್ತಿದ ಗುಲಾಬಿ ಬಣ್ಣದ ಅಂಟು ಮಿಠಾಯಿ. ನಾಲ್ಕಾಣೆ ಕೊಟ್ಟರೆ ಅದನ್ನು ಎಳೆದು ತಿರುಚಿ ಕೈಗೆ ವಾಚು ಕಟ್ಟುತ್ತಿದ್ದ, ಮುಳ್ಳು ಸಮೇತ. ಶಾಲೆ ಮುಗಿಸಿ ಮನೆ ಮುಟ್ಟುವ ಮೊದಲೇ ಆ ವಾಚು ತಿಂದು ಮುಗಿಯುತ್ತಿತ್ತು, ಮಣಿಕಟ್ಟಿನ ಮೇಲೆ ಧೂಳು ಅಂಟಿದ ಗುಲಾಬಿ ಪಟ್ಟಿ ಮಾತ್ರ ಉಳಿಯುತ್ತಿತ್ತು. ಅವನು ಮಾಡುತ್ತಿದ್ದುದೂ ಎಳೆಯುವುದೇ. ಅವನಿಗೆ ಗಾಜಿನ ಗೋಡೆ ಇರಲಿಲ್ಲ, ಅಷ್ಟೇ. ನನ್ನ ಪುಣ್ಯಕ್ಕೆ ಆ ಪಾರ್ಕಿನಲ್ಲಿ ಅವನ ಸಿಮೆಂಟು ಮೂರ್ತಿ ಇನ್ನೂ ಬಂದಿಲ್ಲ.

ಇಂಗ್ಲಿಷ್ ಬೋರ್ಡಿನ ಮೇಲಿನ ನನ್ನ ಸಿಟ್ಟಿನ ಕತೆಯೂ ಹೇಳಿಬಿಡುತ್ತೇನೆ. ಮನೆಗೆ ಬಂದು, ಈ ಕ್ಯಾಂಡಿ ಅನ್ನುವ ಪದ ಎಲ್ಲಿಯದು ಅಂತ ಹುಡುಕಿದೆ. ಸಂಸ್ಕೃತದ ಖಂಡ. ಸಕ್ಕರೆಯ ತುಂಡು. ಅದು ಪರ್ಷಿಯನ್ನರ ಬಾಯಲ್ಲಿ ಕಂದ್ ಆಗಿ, ಅರಬರ ಕೈಗೆ ಸಿಕ್ಕಿ, ಫ್ರೆಂಚರನ್ನು ದಾಟಿ ಇಂಗ್ಲಿಷಿಗೆ ಹೋಯಿತು. ನಮ್ಮ ಖಂಡಸಾರಿ ಸಕ್ಕರೆಯಲ್ಲಿ ಇರುವುದೂ ಅದೇ ಖಂಡ. ಅಂದರೆ ಆ ಪದ ಲೋಕ ಸುತ್ತಿ, ಗುಲಾಬಿ ಅಂಗಿ ತೊಟ್ಟುಕೊಂಡು ಊರಿಗೆ ಬಂದಿದೆ, ಅಮೆರಿಕದಿಂದ ಬಂದ ಮಾವನ ಮಗನ ಹಾಗೆ. ಬೈಯುವುದು ಹೇಗೆ?

ಹಾಗೆ ನೋಡಿದರೆ ಶಿವಮೊಗ್ಗಕ್ಕೂ ಸಕ್ಕರೆಗೂ ಹಳೆಯ ನಂಟು. ಹರಿಗೆ ಹತ್ತಿರ ತುಂಗಭದ್ರಾ ಸಕ್ಕರೆ ಕಾರ್ಖಾನೆ ಇತ್ತು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಕಬ್ಬಿನ ಜಾಗಕ್ಕೆಲ್ಲ ಅಡಿಕೆ ಬಂದಿದೆ. ಅಡಿಕೆಯಿಂದ ಯಾರೂ ಕ್ಯಾಂಡಿ ಮಾಡದಿದ್ದರೆ ಸಾಕು.

ಅಂಗಡಿಯಲ್ಲಿ ಬೊಂಬಾಯಿ ಮಿಠಾಯಿಯ ಯಂತ್ರವೂ ಇದೆ, ಹತ್ತಿಯ ಹಾಗೆ ನೂಲುತ್ತದಲ್ಲ, ಅದು. ಆ ಯಂತ್ರ ಕಂಡುಹಿಡಿದವರಲ್ಲಿ ಒಬ್ಬ ಅಮೆರಿಕದ ಹಲ್ಲಿನ ಡಾಕ್ಟರು, ವಿಲಿಯಂ ಮಾರಿಸನ್ ಅಂತ. ಇನ್ನೊಬ್ಬ ಮಿಠಾಯಿ ಮಾಡುವವನು, ಜಾನ್ ವಾರ್ಟನ್. 1897ರಲ್ಲಿ ಯಂತ್ರ ಮಾಡಿ, 1904ರಲ್ಲಿ ಸೇಂಟ್ ಲೂಯಿಸ್‌ನ ವಿಶ್ವ ಮೇಳದಲ್ಲಿ 68 ಸಾವಿರಕ್ಕೂ ಜಾಸ್ತಿ ಡಬ್ಬಿ ಮಾರಿದರಂತೆ, ಒಂದಕ್ಕೆ 25 ಸೆಂಟ್. ಹಲ್ಲಿನ ಡಾಕ್ಟರು ಯಾಕೆ ಮಿಠಾಯಿ ಯಂತ್ರ ಮಾಡಿದ ಅಂತ ನಾನು ಕೇಳುವುದಿಲ್ಲ. ಹೋದ ವರ್ಷ ನನ್ನ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು, ಬಿಲ್ಲು ನೋಡಿದ ಮೇಲೆ ಆ ಲೆಕ್ಕಾಚಾರ ನನಗೆ ಚೆನ್ನಾಗಿಯೇ ಅರ್ಥವಾಗಿದೆ.

ಈ ಅಂಗಡಿಯ ಬೊಂಬಾಯಿ ಮಿಠಾಯಿ ಗುಲಾಬಿ ಇಲ್ಲ, ಬಿಳಿ. ಮಗಳಿಗೆ ಬೇಜಾರಾಯಿತು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದು ಅಂತ ಮಾಡಿತಲ್ಲ, ಪರೀಕ್ಷೆಯಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ನನ್ನ ಮಣಿಕಟ್ಟಿನ ಆ ಗುಲಾಬಿ ಪಟ್ಟಿ ಎರಡು ಸ್ನಾನಕ್ಕೂ ಹೋಗುತ್ತಿರಲಿಲ್ಲ ಯಾಕೆ ಅಂತ ಈಗ ಅನುಮಾನ.

ಅವತ್ತು ನಿಂಬೆ ರುಚಿಯದ್ದು ನೂರು ಗ್ರಾಂ ತಗೊಂಡೆವು. ನೂರ ನಲವತ್ತು ರೂಪಾಯಿ. ಅಮ್ಮ ಬೆಲೆ ಕೇಳಿ ಏನೂ ಅನ್ನಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ. ಆದರೆ ದಾರಿಯಲ್ಲಿ ಎರಡು ತಿಂದಳು.

ಮೇ ತಿಂಗಳು ಅಂಗಡಿಗೆ ಜಾತ್ರೆ. ರಜೆಗೆ ಬಂದ ಮಕ್ಕಳೆಲ್ಲ ಅಲ್ಲೇ. ಡೊಳ್ಳಿನವರ ಮುಂದೆ ಒಬ್ಬರಿಲ್ಲ, ಅಡಿಕೆ ಸುಲಿಯುವವರ ಮುಂದೆ ಒಬ್ಬರಿಲ್ಲ, ಸಕ್ಕರೆ ಎಳೆಯುವ ಹುಡುಗನ ಮುಂದೆ ಮಾತ್ರ ಇಪ್ಪತ್ತು ಜನ.

ಜೂನ್ ಬಂತು. ಶಿವಮೊಗ್ಗದ ಮಳೆ ಆಗುಂಬೆಯ ಮಳೆಯ ಹಾಗಲ್ಲ, ನಿಜ. ಆದರೂ ಹಿಡಿದರೆ ನಾಲ್ಕು ದಿನ ಬಿಡುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರೂರುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಒಣಗಿದ ಚಡ್ಡಿ ಹಾಕಿಕೊಳ್ಳುವುದೇ ಒಂದು ಭಾಗ್ಯ. ಮೂರನೇ ವಾರ ನಾವು ಮತ್ತೆ ಹೋದೆವು. ಅಂಗಡಿಯಲ್ಲಿ ಹುಡುಗ ಒಬ್ಬನೇ. ಗಾಜಿನ ಭರಣಿಯನ್ನು ಬೋರಲು ಹಾಕಿ ತಳಕ್ಕೆ ಬಡಿಯುತ್ತಿದ್ದ. ಒಳಗಿನ ಕ್ಯಾಂಡಿಯೆಲ್ಲ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ನಿಂಬೆಯದು, ಶುಂಠಿಯದು, ಕಿತ್ತಳೆಯದು, ಎಲ್ಲದರ ಕತೆಯೂ ಅದೇ.

"ಬೆಂಗಳೂರಲ್ಲಿ ಹೀಗಾಗ್ತಿರ್ಲಿಲ್ಲ ಅಜ್ಜಿ, ಅಲ್ಲಿ ಎಸಿ ಇತ್ತು" ಎಂದ.

ಅಮ್ಮ ಒಂದು ಚೂರು ಕೇಳಿ ಇಸಕೊಂಡಳು. ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಚೀಪಿದಳು.

"ಹುಳಿ ಯಾವಾಗ ಹಾಕ್ತೀಯ?"

"ಮೊದಲೇ ಹಾಕ್ತೀನಿ. ಸಕ್ಕರೆ ಮರಳು ಕಟ್ಬಾರ್ದು ಅಂತ."

"ಜಾಸ್ತಿ ಆಯ್ತು. ಅದಕ್ಕೇ ನೀರೊಡೀತಿದೆ. ಹುಳಿ ಬಂದ ಕಬ್ಬಿನ ಹಾಲಲ್ಲಿ ಅಚ್ಚು ಬೆಲ್ಲ ನಿಲ್ಲಲ್ಲ ತಮ್ಮಾ, ಜೋನಿನೇ ಆಗೋದು."

ಹುಡುಗ ತಲೆ ಕೆರೆದುಕೊಂಡ. ನಾನು ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದಿದವನು, ಅಲ್ಲೇ ನಿಂತು ಯೋಚಿಸಿದೆ, ಹೌದಲ್ಲಾ! ಹುಳಿ ಹಾಕಿ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಆಗ ಹರಳು ಕಟ್ಟುವುದಿಲ್ಲ, ಅದು ಲಾಭ. ಆದರೆ ಫ್ರಕ್ಟೋಸ್ ಗಾಳಿಯಲ್ಲಿರುವ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಎಸಿಯ ಅಳತೆಗೆ ಸರಿಯಿದ್ದ ಹುಳಿ ಶಿವಮೊಗ್ಗದ ಜೂನ್‌ಗೆ ಜಾಸ್ತಿ. ಈ ಪಾಠಕ್ಕೆ ನಾನು ಮೂರು ವರ್ಷ ಫೀಸು ಕಟ್ಟಿದ್ದೇನೆ. ಅಮ್ಮ ಏಳನೇ ಕ್ಲಾಸು.

ಮನೆಯಲ್ಲಿ ಮಾಡುವ ಹಾಗೆ ಅಕ್ಕಿ ಹುರಿದು, ತೆಳ್ಳನೆ ಬಟ್ಟೆಯಲ್ಲಿ ಗಂಟು ಕಟ್ಟಿ, ಭರಣಿಯ ತಳಕ್ಕೆ ಇಡು ಅಂತಲೂ ಹೇಳಿಕೊಟ್ಟಳು. ಅವನು ಫೋನಿನಲ್ಲಿ ಬರೆದುಕೊಂಡ. ಮುದ್ದೆಯಾದ ಕ್ಯಾಂಡಿಯನ್ನು ಸುತ್ತಿಗೆಯಲ್ಲಿ ಒಡೆದು ಮಗಳಿಗೆ ಒಂದು ಪೊಟ್ಟಣ ಪುಕ್ಕಟೆ ಕೊಟ್ಟ. ಅವಳ ಪ್ರಕಾರ ಅದೇ ಆ ಅಂಗಡಿಯ ಅತ್ಯುತ್ತಮ ಕ್ಯಾಂಡಿ.

ಹೋದ ವಾರ ಮಳೆ ಸ್ವಲ್ಪ ಬಿಟ್ಟಾಗ ಮತ್ತೆ ಹೋಗಿದ್ದೆವು. ಸಿಮೆಂಟಿನ ಕೊಪ್ಪರಿಗೆಯಲ್ಲಿ ನೀರು ತುಂಬಿತ್ತು, ಯಾರೋ ಕಾಗದದ ದೋಣಿ ಬಿಟ್ಟಿದ್ದರು. ಅಂಗಡಿಯ ಭರಣಿಗಳಲ್ಲಿ ಕ್ಯಾಂಡಿ ಬಿಡಿಬಿಡಿಯಾಗಿ ನಿಂತಿತ್ತು, ಪ್ರತಿಯೊಂದರ ತಳದಲ್ಲೂ ಒಂದು ಬಿಳಿ ಗಂಟು. ಒಲೆಯ ಹತ್ತಿರ, ಥರ್ಮಾಮೀಟರಿನ ಪಕ್ಕ, ಒಂದು ಸ್ಟೀಲ್ ಬಟ್ಟಲಿನಲ್ಲಿ ತಣ್ಣೀರು. ಅಮ್ಮನನ್ನು ನೋಡಿದ್ದೇ ಹುಡುಗ ಸೌಟಿನಿಂದ ಒಂದು ಹನಿ ಅದಕ್ಕೆ ಬಿಟ್ಟ. ಟಣ್ ಅಂತು. ಭರಣಿಯಿಂದ ಹೊಸ ನಿಂಬೆಯದೊಂದು ತೆಗೆದು ಅವಳ ಕೈಗಿಟ್ಟು, ಪರೀಕ್ಷೆ ಬರೆದು ಬಂದವನ ಹಾಗೆ ನಿಂತುಕೊಂಡ.

ಅಮ್ಮ ಕಣ್ಣು ಮುಚ್ಚಿ ಚೀಪಿದಳು.

"ಹುಳಿ ಸಾಲ್ದು" ಎಂದಳು.