ನೇವಿ ತಪ್ಪಿಸ್ಕೊಂಡು ಹೋಗಿ ನೇವಿ ಬಾಗಿಲಲ್ಲೇ ಮನೆ ಮಾಡಿದ ಕತೆ

ಹೋದ ವಾರ ಕುಮಟಾ ಕಡೆಯ ಒಬ್ಳು ಹುಡುಗಿ ಇನ್‌ಬಾಕ್ಸಿಗೆ ಬಂದು "ಅಕ್ಕಾ, ನಮ್ದು ವೀಸಾ ಆಯ್ತು, ಆಸ್ಟ್ರೇಲಿಯಾದ ಪರ್ತ್‌ಗೆ ಬರ್ತಾ ಇದ್ದೇವೆ, ಸಮುದ್ರದ ಹತ್ರ ಗಲಾಟೆ ಇಲ್ದೇ ಇರೋ ಒಂದು ಸಬರ್ಬ್ ಹೇಳಿ" ಅಂತ ಕೇಳಿದ್ಳು. ಎರಡು ಸಾಲು ಬರೆದು ಮುಗಿಸೂದು ಅಂತ ಕೂತೆ, ಎರಡು ಸಾಲಲ್ಲಿ ಮುಗಿಯೋ ವಿಷ್ಯ ಅಲ್ಲ ಇದು ಅಂತ ಆಮೇಲೆ ಗೊತ್ತಾಯ್ತು. ಹಾಗಾಗಿ ಇಲ್ಲೇ ಹಾಕ್ತಾ ಇದ್ದೇನೆ, ಉದ್ದ ಇದೆ, ಪುರಸೊತ್ತು ಇದ್ದವರು ಓದಿ.

ನಾನೀಗ ರಜೆ ಮೇಲೆ ಕಾರವಾರದಲ್ಲಿದ್ದೇನೆ. ಕೂರ್ಮಗಡದ ನರಸಿಂಹ ಜಾತ್ರೆಗೆ ಸರಿಯಾಗಿ ಟಿಕೆಟ್ ಮಾಡ್ಕೊಂಡು ಬಂದಿದ್ದು, ಏಳು ವರ್ಷ ಆಗಿತ್ತು ಜಾತ್ರೆ ನೋಡದೆ. ಕೋಡಿಬಾಗದಿಂದ ಬೋಟಲ್ಲಿ ಹೋಗಿ ದೇವ್ರಿಗೆ ಬಾಳೆಗೊನೆ ಕೊಟ್ಟು ವಾಪಸ್ ಬರ್ತಾ ಇರ್ಬೇಕಾದ್ರೆ ಬಾಬಾ (ನನ್ನ ಅಪ್ಪ) ದಕ್ಷಿಣದ ಕಡೆ, ಈಗ ನೇವಿ ಕೈಲಿರೋ ದ್ವೀಪದ ಕಡೆ ಕೈ ತೋರ್ಸಿ ಅಂಜುದೀವ್ ನೋಡು ಅಂದ್ರು, ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ "ನಿನ್ನ ಮನೆ ಎದುರೂ ಹೀಗೇ ಒಂದು ನೇವಿ ದ್ವೀಪ ಇದೆಯಂತಲ್ಲ, ಇಲ್ಲಿಂದ ತಪ್ಪಿಸ್ಕೊಂಡು ಅಷ್ಟು ದೂರ ಹೋಗಿ ಮತ್ತೆ ನೇವಿ ಬಾಗಿಲಿಗೇ ಹೋಗಿ ಕೂತ್ಯಲ್ಲೇ" ಅಂತ ನಕ್ಕರು. ಬೋಟಲ್ಲಿದ್ದ ಅಷ್ಟೂ ಜನ ನಕ್ಕರು. ನಾನೂ ನಕ್ಕೆ. ಆದ್ರೆ ರಾತ್ರಿ ಮಲಗಿದ ಮೇಲೆ ಯೋಚ್ನೆ ಮಾಡಿದೆ, ಹೌದಲ್ಲ, ಅದನ್ನ ನಾನು ತಿಳ್ದೂ ತಿಳ್ದೂ ಯಾಕೆ ಆರಿಸ್ಕೊಂಡೆ?

ಮೊದ್ಲಿಂದ ಹೇಳ್ತೇನೆ. ನಾವು ಪರ್ತ್‌ಗೆ ಹೋಗಿದ್ದು 2019ರಲ್ಲಿ. ನಾನು ನರ್ಸ್, ನಮ್ಮನೆಯವರು ಶಿರಸಿ ಕಡೆಯ ಹವ್ಯಕರು, ಕಂಪ್ಯೂಟರ್ ಕೆಲ್ಸ. (ಮದುವೆ ಹೇಗಾಯ್ತು ಅಂತ ಕೇಳ್ಬೇಡಿ, ಅದು ಬೇರೆ ಪೋಸ್ಟು. ಅವರ ಮನೆಲೂ ತಾಯಿಗೆ ಆಯಿ ಅಂತಾರೆ, ನಮ್ಮನೆಲೂ ಆಯಿ, ಸದ್ಯಕ್ಕೆ ಹೊಂದಾಣಿಕೆ ಆಗಿದ್ದು ಅದೊಂದೇ.) ಹೋದ ಹೊಸತರಲ್ಲಿ ಎಲ್ರೂ ಹೇಳಿದ ಹಾಗೇ ಹ್ಯಾರಿಸ್‌ಡೇಲ್‌ನಲ್ಲಿ ಬಾಡಿಗೆಗೆ ಇದ್ವಿ. ಆ ಕಡೆ, ಪಿಯಾರಾ ವಾಟರ್ಸ್, ಕ್ಯಾನಿಂಗ್ ವೇಲ್ ಎಲ್ಲಾ ನಮ್ಮ ದೇಶದವರು ತುಂಬಾ. ದೋಸೆಹಿಟ್ಟು ಸಿಗ್ತದೆ, ದೇವಸ್ಥಾನ ಹತ್ರ, ಯುಗಾದಿಗೆ ಕನ್ನಡದವರ ಮನೆಲಿ ಊಟ. ಕೆಟ್ಟದ್ದು ಅಂತ ನಾನು ಖಂಡಿತ ಹೇಳೂದಿಲ್ಲ, ಹೊಸಬರಿಗೆ ಅದೇ ಸುಲಭ. ಆದ್ರೆ ನಂಗೆ ಅಲ್ಲಿ ಉಸಿರು ಕಟ್ಟಿದ ಹಾಗೆ. ಮನೆಗೆ ಮನೆ ಅಂಟ್ಕೊಂಡು, ಎಲ್ಲಾ ಒಂದೇ ಅಚ್ಚಲ್ಲಿ ಹೊಯ್ದ ಹಾಗೆ, ನೈಟ್ ಡ್ಯೂಟಿ ಮುಗಿಸ್ಕೊಂಡು ಬೆಳಿಗ್ಗೆ ಕಾರಿಂದ ಇಳಿದ್ರೆ ಗಾಳಿಗೆ ಒಂದು ವಾಸನೆ ಅನ್ನೋದೇ ಇಲ್ಲ. ಕಾರವಾರದವರಿಗೆ ಇದು ಅರ್ಥ ಆಗ್ತದೆ, ಬೇರೆಯವರಿಗೆ ಹೇಗೆ ಹೇಳೂದು ಗೊತ್ತಿಲ್ಲ. ಅದ್ರ ಮೇಲೆ ಕೊರೊನಾ ಬಂತು, ವೆಸ್ಟರ್ನ್ ಆಸ್ಟ್ರೇಲಿಯಾದವರು ಬಾರ್ಡರ್ ಮುಚ್ಚಿದ್ರು, ಸರಿಯಾಗಿ ತೆಗೆದಿದ್ದು 2022ರ ಮಾರ್ಚ್ 3ಕ್ಕೆ. ಆ ಎರಡು ವರ್ಷ ಊರಿಗೆ ಬರೋ ಹಾಗಿಲ್ಲ, ರಜೆ ಸಿಕ್ಕಿದ್ರೆ ಕಾರ್ ಹತ್ಕೊಂಡು ಯಾವ್ದಾದ್ರೂ ಬೇಲೆಗೆ (ಸಮುದ್ರ ತೀರಕ್ಕೆ) ಹೋಗಿ ಸುಮ್ನೆ ಕೂರೂದು. ಮನೆ ಬದ್ಲಿ ಮಾಡೂದು ಅಂತ ತೀರ್ಮಾನ ಆಗಿದ್ದು ಹಾಗೆ ಕೂತಾಗ್ಲೇ.

ಇವರಿಗೆ ಬೆಟ್ಟ ಬೇಕು. ಶಿರಸಿಯವರಲ್ವಾ, ಕಾಲಮುಂಡಾ, ರೋಲಿಸ್ಟೋನ್ ಅಂತ ಪರ್ತ್‌ನ ಗುಡ್ಡದ ಕಡೆ ಮನೆ ನೋಡೂದು, ಸಮುದ್ರ ಅಂದ್ರೆ ಕುಮಟಾಕ್ಕೆ ಹೋದಾಗ ಒಂದ್ಸಲ ಕಾಲು ಅದ್ದಿ ಬರೋ ಜಾಗ ಅಂತ ಇವರ ಲೆಕ್ಕ. ನಂಗೆ ಗುಡ್ಡ ಬೇಡ, ಅಲ್ಲಿ ಬೇಸಿಗೆಲಿ ಕಾಡಿಗೆ ಬೆಂಕಿ ಬೀಳೋ ಭಯ, ಆ ಭಯ ನನಗೆ ಹೊಸದು. ಫ್ರೀಮ್ಯಾಂಟಲ್, ಕೊಟೆಸ್ಲೋ ಎಲ್ಲಾ ನೋಡ್ಲಿಕ್ಕೆ ಚಂದ, ನಮ್ಮ ಸಂಬಳಕ್ಕೆ ಆಗೂದಲ್ಲ. ಉತ್ತರಕ್ಕೆ ಯಾಂಚೆಪ್‌ಗೆ ಆಗ ಇನ್ನೂ ರೈಲೇ ಇರ್ಲಿಲ್ಲ, ಅದು ಬಂದಿದ್ದು 2024ರಲ್ಲಿ. ದಕ್ಷಿಣಕ್ಕೆ ಬಂದ್ರೆ ರಾಕಿಂಗ್‌ಹ್ಯಾಮ್. ಹೆಸ್ರು ಹೇಳಿದ ಕೂಡ್ಲೇ ನಮ್ಮೋರು ಮೂಗು ಮುರಿದ್ರು, ಅಯ್ಯೋ ಅಲ್ಲಾ, ಅದು ಕೂಲಿಕಾರರ ಏರಿಯಾ, ನೇವಿಯವರು, ಇಂಗ್ಲೆಂಡಿಂದ ಬಂದ ಮುದುಕರು, ಶಾಲೆ ರ‍್ಯಾಂಕಿಂಗ್ ನೋಡಿದ್ರಾ, ನಮ್ಮೋರು ಯಾರಿದ್ದಾರೆ ಅಲ್ಲಿ ಅಂತ. ನಂಗೆ ಒಳಗೊಳಗೇ ನಗು. ಕಾರವಾರದ ಬಗ್ಗೆ ಧಾರವಾಡ, ಬೆಂಗ್ಳೂರಿನವರು ಮಾತಾಡೂದೂ ಹೆಚ್ಚುಕಡಿಮೆ ಇದೇ ಧಾಟಿಲಿ.

ರಾಕಿಂಗ್‌ಹ್ಯಾಮ್ ಒಳಗೇ ಶೋಲ್‌ವಾಟರ್, ಸೇಫ್ಟಿ ಬೇ, ವಾರ್ನ್‌ಬ್ರೋ, ವೈಕೀಕಿ ಅಂತ ಸಣ್ಣ ಸಣ್ಣ ಸಬರ್ಬ್. ಮೊದಲ ಸಲ ಶೋಲ್‌ವಾಟರ್ ತೀರದಲ್ಲಿ ನಿಂತಾಗ ನಾನು ಮಾತೇ ಆಡ್ಲಿಲ್ಲ. ಎದುರಿಗೆ ಪೆಂಗ್ವಿನ್ ಐಲ್ಯಾಂಡ್, ಆ ಕಡೆ ಸೀಲ್ ಐಲ್ಯಾಂಡ್, ದ್ವೀಪಗಳ ಹಿಂದೆ ಸೂರ್ಯ ಇಳೀತಾ ಇದ್ದಾನೆ. ಸಿಡ್ನಿ, ಬ್ರಿಸ್ಬೇನ್ ಕಡೆ ಸಮುದ್ರದಲ್ಲಿ ಸೂರ್ಯ ಹುಟ್ಟೂದು, ಮುಳುಗೂದಲ್ಲ. ಸಮುದ್ರದಲ್ಲಿ ಸೂರ್ಯ ಮುಳುಗ್ಬೇಕು, ಅದ್ರ ಎದುರು ಎರಡು ದ್ವೀಪ ಕಪ್ಪಗೆ ಕಾಣ್ಬೇಕು, ಇಲ್ದಿದ್ರೆ ನನ್ನ ಲೆಕ್ಕದಲ್ಲಿ ಅದು ಸಂಜೆಯೇ ಅಲ್ಲ. ಅದೂ ಅಲ್ದೆ ನೀರೂ ಬೇರೆ ಅಲ್ಲ, ಅದೇ ಹಿಂದೂ ಮಹಾಸಾಗರ, ನಮ್ದು ಅದ್ರ ಮೇಲಿನ ಒಂದು ತುಂಡು ಅಷ್ಟೇ.

ಆದ್ರೆ ಇಲ್ಲೇ ಜನ ಮೋಸ ಹೋಗೂದು. ಸಂಜೆ ನೋಡಿ ಮರುಳಾಗಿ ಮನೆ ತಗೋಬಾರ್ದು. ಬೆಂಗ್ಳೂರಿನವರು ಡಿಸೆಂಬರಲ್ಲಿ ಗೋಕರ್ಣಕ್ಕೆ ಬಂದು ತಂಪು ಗಾಳಿ, ಕೆಂಪು ಸೂರ್ಯ ನೋಡಿ ಸೈಟ್ ತಗೋತಾರೆ, ಜುಲೈಲಿ ಬಂದು ನೋಡಿದ್ರೆ ಗೋಡೆ ತುಂಬಾ ಪಾಚಿ, ಕಬ್ಬಿಣದ ಗೇಟು ಕೈಲೇ ಮುರ್ಕೊಂಡು ಬರ್ತದೆ, ಕರೆಂಟಿಲ್ಲ, ಆಗ ಫೋನ್ ಮಾಡಿ ಯಾರಾದ್ರೂ ಕೊಳ್ಳುವವರಿದ್ರೆ ಹೇಳಿ ಅಂತಾರೆ. ನಾನು ಏನ್ ಮಾಡಿದೆ ಅಂದ್ರೆ ಜನವರಿ ತಿಂಗಳಲ್ಲಿ ಮಧ್ಯಾಹ್ನ ಮೂರೂವರೆಗೆ ಹೋದೆ. ಪರ್ತ್‌ನಲ್ಲಿ ಬೇಸಿಗೆ ಮಧ್ಯಾಹ್ನ ಸಮುದ್ರದಿಂದ ಒಂದು ಗಾಳಿ ಏಳ್ತದೆ, ಅದಕ್ಕೆ ಫ್ರೀಮ್ಯಾಂಟಲ್ ಡಾಕ್ಟರ್ ಅಂತ ಹೆಸ್ರು, ಸುಡೋ ಸೆಕೆ ಇಳಿಸಿ ಜೀವ ಉಳಿಸ್ತದೆ ಅಂತ ಡಾಕ್ಟರ್. ಒಳನಾಡಿನ ಸಬರ್ಬಿನವರಿಗೆ ಅದು ಡಾಕ್ಟರ್, ಸೇಫ್ಟಿ ಬೇ ತೀರದ ಮನೆಯವರಿಗೆ ಮಾತ್ರ ಮರಳು ತಂದು ಬಾಯಿಗೆ ಹಾಕುವ ಡಾಕ್ಟರ್. ಗಾಳಿಪಟ ಕಟ್ಕೊಂಡು ನೀರ ಮೇಲೆ ಹಾರುವ ಹುಡುಗರಿಗೆ ಮಾತ್ರ ಸುಗ್ಗಿ.

ಮನೆ ತೋರ್ಸಲಿಕ್ಕೆ ಬಂದ ಏಜೆಂಟ್ ಒಳಗೆ ಅಡುಗೆಮನೆ ಕಲ್ಲು, ಬಾತ್‌ರೂಮಿನ ನಲ್ಲಿ ಅಂತ ವರ್ಣನೆ ಮಾಡ್ತಾ ಇದ್ದ, ನಾನು ಹೊರಗೆ ಬಂದು ಎಸಿ ಔಟ್‌ಡೋರ್ ಯೂನಿಟ್ ಹಿಂದೆ ಬಗ್ಗಿ ನೋಡಿದೆ. ಸ್ಕ್ರೂ ತಲೆ ಎಲ್ಲಾ ಕರಗಿ ಹೋಗಿತ್ತು, ಜಾಲರಿ ಮುಟ್ಟಿದ್ರೆ ಪುಡಿ. ಆಮೇಲೆ ಗೇಟಿನ ಕೀಲು, ದಂಬೆ, ಲೆಟರ್ ಬಾಕ್ಸಿನ ಮೊಳೆ. ಕಾಂಪೌಂಡ್ ಗೋಡೆಗೆ ಮೊಣಕಾಲೆತ್ತರ ಕಂದು ಬಣ್ಣದ ಕಲೆ, ಅದು ಬೋರ್ ನೀರಿನ ಕಬ್ಬಿಣ, ಹುಲ್ಲಿಗೆ ಸ್ಪ್ರಿಂಕ್ಲರ್ ಬಿಡ್ತಾರಲ್ಲ ಅದ್ರದ್ದು. ಏಜೆಂಟ್‌ಗೆ ಎಸಿ ಎಷ್ಟು ವರ್ಷದ್ದು ಅಂತ ಕೇಳಿದ್ರೆ ಈಗಷ್ಟೇ ಹಾಕಿದ್ದು ಅಂದ. ಕಾರವಾರದ ಮನೆಲಿ ಹುಟ್ಟಿದವಳಿಗೆ ತುಕ್ಕಿನ ವಯಸ್ಸು ಹೇಳ್ಕೊಡ್ಬೇಡ ಮಾರಾಯ ಅಂತ ಬಾಯಿಗೆ ಬಂತು, ಇಂಗ್ಲಿಷಲ್ಲಿ ಹೇಳೂದು ಹೇಗೆ ಅಂತ ಹೊಳೀಲಿಲ್ಲ. ಆ ಮನೆ ಬಿಟ್ವಿ. ನೀರಿಂದ ಎರಡು ಬೀದಿ ಹಿಂದೆ, ಗಾಳಿಗೆ ಒಂದು ಸಾಲು ಮನೆ ಅಡ್ಡ ಇರೋ ಕಡೆ ಬಾಡಿಗೆಗೆ ತಗೊಂಡ್ವಿ. ಅದೂ ಸುಲಭಕ್ಕೆ ಸಿಗ್ಲಿಲ್ಲ, ನೂರಕ್ಕೆ ಒಂದು ಬಾಡಿಗೆ ಮನೆ ಕೂಡ ಖಾಲಿ ಇಲ್ಲದ ಕಾಲ ಅದು, ಹದಿನಾಲ್ಕು ಅರ್ಜಿ ಹಾಕಿದ್ಮೇಲೆ ಒಂದು ಬಂತು. ಬಾಡಿಗೆ ವಾರದ ಲೆಕ್ಕ, ನಾಲ್ಕು ವಾರದ್ದು ಮುಂಗಡ ಬಾಂಡ್.

ನಂತರ ಮಣ್ಣಿನ ಕತೆ. ಅತ್ತೆ ಶಿರಸಿಯಿಂದ ಫೋನಲ್ಲಿ ಕೇಳಿದ್ದೇ ಮೊದ್ಲು ಅದು, ಹಿತ್ಲಲ್ಲಿ ಎಂತಾ ಬೆಳೀತು ಅಂತ. ಏನೂ ಬೆಳ್ಯೂದಿಲ್ಲ ಅತ್ತೆ, ಅದು ಮಣ್ಣೇ ಅಲ್ಲ, ಬೂದಿ ಬಣ್ಣದ ಮರಳು. ಬೇಸಿಗೆಲಿ ಒಂದು ಚೆಂಬು ನೀರು ಹೊಯ್ದ್ರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಲ್ತದೆ, ಒಳಗೇ ಇಳ್ಯೂದಿಲ್ಲ. ಅದಕ್ಕೆ ಬೇರೆ ಔಷಧ ಸಿಗ್ತದೆ ಅಂಗಡಿಲಿ, ಜೇಡಿ, ಗೊಬ್ಬರ ಎಲ್ಲಾ ಬೆರೆಸ್ಬೇಕು. ಇವರು ಮೂರು ವರ್ಷ ಜಿದ್ದಿಗೆ ಬಿದ್ದು ಒಂದು ಕರಿಬೇವು, ಎರಡು ಬಸಳೆ ಬಳ್ಳಿ ಮಾಡಿದ್ದಾರೆ, ಅದನ್ನ ನೋಡ್ಲಿಕ್ಕೆ ಬಂದ ಹಾಗೆ ಪಕ್ಕದ ಮನೆ ಇಂಗ್ಲೆಂಡಿನ ಅಜ್ಜ ದಿನಾ ಬೇಲಿ ಮೇಲಿಂದ ಇಣುಕ್ತಾನೆ.

ಮೀನು! ಇದನ್ನ ಹೇಳ್ದಿದ್ರೆ ಕಾರವಾರದವರು ನನ್ನ ಸೇರ್ಸೂದಿಲ್ಲ. ಹೋದ ಹೊಸತರಲ್ಲಿ ಸೂಪರ್ ಮಾರ್ಕೆಟಲ್ಲಿ ಬರೀ ಗುಲಾಬಿ ಬಣ್ಣದ ಸಾಲ್ಮನ್ ತುಂಡು, ಮುಳ್ಳಿಲ್ಲ ತಲೆ ಇಲ್ಲ. ತಾರ್ಲೆ (ಬೂತಾಯಿ ಮೀನು) ಎಲ್ಲೂ ಇಲ್ಲ. ಒಂದಿನ ಗಾಳ ಮಾರುವ ಅಂಗಡಿಗೆ ಹೋದ್ರೆ ಅಲ್ಲಿ ಫ್ರೀಜರ್ ತುಂಬಾ ತಾರ್ಲೆ! ಕಿಲೋ ಪ್ಯಾಕೆಟ್, ಇಟ್ಟಿಗೆ ಹಾಗೆ ಹೆಪ್ಪುಗಟ್ಟಿದ್ದು, ಅಲ್ಲಿ ಅದಕ್ಕೆ ಮ್ಯೂಲಿ ಅಂತ ಹೆಸ್ರು. ಕೆಳಗಿನ ಖಾನೆಲಿ ಬಂಗುಡೆ ಜಾತಿದ್ದೂ ಇತ್ತು. ನಾನು ಎರಡು ಪ್ಯಾಕೆಟ್ ಎತ್ಕೊಂಡು ಜುಮ್ಮನಕಾಯಿ ಹಾಕಿ ಸಾರು ಮಾಡೂದು ಅಂತ ಖುಷಿಲಿ ಮಾತಾಡ್ತಾ ಇದ್ರೆ ಅಂಗಡಿಯವನಿಗೆ ಗಾಬರಿ, ಇದು ಗಾಳಕ್ಕೆ ಸಿಕ್ಕಿಸೂದು, ಮೀನು ತಿನ್ಲಿಕ್ಕೆ, ನೀವು ತಿನ್ಲಿಕ್ಕಲ್ಲ ಅಂತ ಕೈಯಿಂದ ವಾಪಸ್ ಇಸ್ಕೊಂಡ. ಬಾಬಾಗೆ ಫೋನಲ್ಲಿ ಹೇಳಿದ್ರೆ ಎರಡು ನಿಮಿಷ ಮಾತೇ ಇಲ್ಲ, ಆಮೇಲೆ "ತಾರ್ಲೆ ಗಾಳಕ್ಕಾ?" ಅಂತ ಮೂರು ಸಲ ಕೇಳಿದ್ರು. ಈಗ ತಿನ್ನುವ ತಾರ್ಲೆ ಸಿಗುವ ಮಾರ್ಕೆಟ್ ಗೊತ್ತಾಗಿದೆ. ಏಡಿ ಹಿಡಿಯೂದನ್ನೂ ಕಲ್ತಿದ್ದೇನೆ. ಅಲ್ಲೂ ರಜೆ ಇದೆ ಗೊತ್ತಾ, ನಮ್ಮಲ್ಲಿ ಜೂನ್, ಜುಲೈ ಬೋಟು ದಡಕ್ಕೆ ಎಳೆದು ಕೂರ್ತಾರಲ್ಲ, ಹಾಗೆ ಅಲ್ಲಿ ಸೆಪ್ಟೆಂಬರಿಂದ ನವೆಂಬರ್ ತನಕ ಏಡಿ ಹಿಡಿಯೋ ಹಾಗಿಲ್ಲ. ಚಿಪ್ಪು 127 ಮಿಲಿಮೀಟರಿಗಿಂತ ಸಣ್ಣದಿದ್ರೆ ಬಿಟ್ಬಿಡ್ಬೇಕು, ಜನ ಅಳತೆಪಟ್ಟಿ ಹಿಡ್ಕೊಂಡೇ ನೀರಿಗಿಳೀತಾರೆ.

ಇನ್ನು ನೇವಿ. ರಾಕಿಂಗ್‌ಹ್ಯಾಮ್ ಎದುರಿನ ಗಾರ್ಡನ್ ಐಲ್ಯಾಂಡಲ್ಲಿ ಆಸ್ಟ್ರೇಲಿಯಾದ ನೌಕಾನೆಲೆ, 1978ರದ್ದು, ದಡದಿಂದ ದ್ವೀಪಕ್ಕೆ ನಾಲ್ಕು ಕಿಲೋಮೀಟರ್ ಉದ್ದದ ರಸ್ತೆ, ಅದ್ರ ಮೇಲೆ ನಮ್ಮಂಥವರಿಗೆ ಪ್ರವೇಶ ಇಲ್ಲ. ನಮ್ಮ ಅಜ್ಜಿ ಮನೆ ಇದ್ದಿದ್ದು ಅರ್ಗಾದಲ್ಲಿ. 1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಅನ್ನೋ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದ್ರು, 2005ರಲ್ಲಿ ಐಎನ್‌ಎಸ್ ಕದಂಬ ಅಂತ ಆ ನೆಲೆ ಶುರುವಾಯ್ತು, ಮಧ್ಯದಲ್ಲಿ ಕಾರವಾರ, ಅಂಕೋಲಾದ ಹದಿಮೂರು ಹಳ್ಳಿ ಎತ್ತಂಗಡಿ ಆದ್ವು, ಅದ್ರಲ್ಲಿ ಅಜ್ಜಿದೂ ಒಂದು. ಅಜ್ಜಿ ಸಾಯೋ ತನಕ ತೋಡೂರು ಕಾಲೊನಿಲಿ ಇದ್ರು, ಅಲ್ಲಿಂದ ಸಮುದ್ರ ದೂರ ಏನಲ್ಲ, ಆದ್ರೆ ಅಂಗಳದಲ್ಲಿ ನಿಂತು ಬಲೆ ಎಳೆಯೂದು ಕಾಣ್ತಿತ್ತಲ್ಲ ಆ ತರ ಅಲ್ಲ. ಗಾಳಿ ಎದ್ದ ರಾತ್ರಿ ಎದ್ದು ಕೂತು ದೋಣಿ ಮೇಲೆ ಎಳೆದ್ರಾ ಅಂತ ಕೇಳ್ತಿದ್ರು, ಎಳೆಯೋ ದೋಣಿ ಎಲ್ಲಿತ್ತು.

ಹಾಗಾಗಿ ಏಜೆಂಟ್ "ತುಂಬಾ ಶಾಂತವಾದ ಜಾಗ, ಯಾವಾಗ್ಲೂ ಹೀಗೇ" ಅಂದಾಗ ನಂಗೆ ಆ "ಯಾವಾಗ್ಲೂ" ಹಿಡಿಸ್ಲಿಲ್ಲ. ಆಳ ನೀರು, ಅಡ್ಡ ದ್ವೀಪ, ಹಿಂದೆ ಜನ ಕಡಿಮೆ, ಇಂಥ ಶಾಂತ ಜಾಗ ಕಂಡ್ರೆ ನಮಗೆ ಆಸೆ ಆಗೂದಕ್ಕಿಂತ ಮೊದ್ಲು ಸರ್ಕಾರಕ್ಕೆ ಆಸೆ ಆಗಿರ್ತದೆ, ಕಾರವಾರಕ್ಕೆ ಆಗಿದ್ದೂ ಅದೇ, ಈಗ ಅಂಕೋಲಾದ ಕೇಣಿಯವರು ಬಂದರು ಬೇಡ ಅಂತ ಬೀದಿಲಿ ಕೂತಿದ್ದೂ ಅದೇ ಕಾರಣಕ್ಕೆ. ಗಾರ್ಡನ್ ಐಲ್ಯಾಂಡಿಗೂ ಈಗ ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ ಸೇರಿ ಮಾಡ್ಕೊಂಡ ಆಕಸ್ ಅನ್ನೋ ರಕ್ಷಣಾ ಒಪ್ಪಂದ ಬಂದಿದೆ, 2027ರಿಂದ ಅಮೆರಿಕ, ಬ್ರಿಟನ್‌ನ ಅಣುಶಕ್ತಿ ಸಬ್‌ಮರೀನ್ ಸರದಿ ಮೇಲೆ ಬಂದು ನಿಲ್ತಾವೆ. ರಾಕಿಂಗ್‌ಹ್ಯಾಮಲ್ಲಿ ಕೆಲವರಿಗೆ ಖುಷಿ, ಕೆಲ್ಸ ಬರ್ತದೆ ಅಂತ, ಕೆಲವರಿಗೆ ಹೆದರಿಕೆ, ಬಾಡಿಗೆ ಏರ್ತಾ ಇದೆ. ಗೆಳತಿಯೊಬ್ಳು ಅಣುಶಕ್ತಿ ಪಕ್ಕದಲ್ಲೇ ಹೇಗೆ ಇರ್ತೀಯಾ ಅಂದ್ಳು. ನಾನು ಕೈಗಾ ಇರೋ ತಾಲೂಕಿನವಳು, ಹೇಗೆ ಇರ್ತಾರೆ ಅಂತ ನನ್ನ ಕೇಳಿದ್ರೆ?

ಗುಡ್ಡದ ಬೆಂಕಿ ನಂಗೆ ಗೊತ್ತಿಲ್ಲ, ಅದು ಎಷ್ಟು ಹೊತ್ತಿಗೆ ಯಾವ ಕಡೆಯಿಂದ ಬರ್ತದೆ ಗೊತ್ತಿಲ್ಲ. ತುಕ್ಕು ಗೊತ್ತು, ಗಾಳಿ ಗೊತ್ತು, ಮರಳು ಗೊತ್ತು, ಸೈರನ್ ಹಾಕ್ಕೊಂಡು ಹೋಗೋ ನೇವಿ ಗಾಡಿ ಗೊತ್ತು. ಬೋಟಲ್ಲಿ ಬಾಬಾ ಕೇಳಿದ್ದಕ್ಕೆ ನನ್ನ ಹತ್ರ ಇರೋ ಉತ್ತರ ಇಷ್ಟೇ, ಗೊತ್ತಿರೋ ಕಾಟದ ಪಕ್ಕದಲ್ಲಿ ನಂಗೆ ನಿದ್ದೆ ಬರ್ತದೆ. ಒಂದು ವಿಷ್ಯ ಮಾತ್ರ ಬಾಬಾ ಇವತ್ತಿಗೂ ನಂಬೂದಿಲ್ಲ, ಆ ಗಾರ್ಡನ್ ಐಲ್ಯಾಂಡಿನ ತೀರಕ್ಕೆ ಹಗಲು ಹೊತ್ತು ಸ್ವಂತ ಬೋಟಿದ್ದವರು ಹೋಗಿ ಬುತ್ತಿ ಬಿಚ್ಚಿ ಉಂಡು ಬರ್ಬಹುದು. ಅಂಜುದೀವ್‌ಗೆ ಹೋಗಿ ಬರ್ತಿದ್ದ ದಿನ ನೆನಪಿದ್ದವರು ನಂಬೂದಾದ್ರೂ ಹೇಗೆ.

ಕುಮಟಾದ ತಂಗಿಗೆ ಇನ್ನೊಂದೆರಡು ಮಾತು, ಬೇಗ ಹೇಳಿ ಬಿಡ್ತೇನೆ. ರಾಕಿಂಗ್‌ಹ್ಯಾಮ್ ಸ್ಟೇಷನ್ ಅಂದ ಕೂಡ್ಲೇ ಸಮುದ್ರ ಕಾಣ್ತದೆ ಅಂತ ತಿಳ್ಕೋಬೇಡ, ಸ್ಟೇಷನ್ ಒಳಗಿದೆ, ತೀರಕ್ಕೆ ಮತ್ತೆ ಬಸ್ಸು. ಪರ್ತ್‌ಗೆ ರೈಲಲ್ಲಿ ಮುಕ್ಕಾಲು ಗಂಟೆ ಒಳಗೆ, ಆದ್ರೆ ನಿನ್ನ ಕೆಲ್ಸದ ಟೈಮಿಗೇ ಒಂದ್ಸಲ ಹತ್ತಿ ನೋಡು. ಸಂಜೆ ಆದ್ರೆ ಊರು ಮಲಗ್ತದೆ. ಮಾತಾಡ್ಲಿಕ್ಕೆ ಜನ ಬೇಕು ಅನ್ನುವವರಿಗೆ ಮೊದಲ ವರ್ಷ ಕಷ್ಟ, ನಾನೇ ಎರಡು ಸಲ ಅತ್ತಿದ್ದೇನೆ. ಚಳಿಗಾಲದಲ್ಲಿ ಒಂದು ರಾತ್ರಿ ಬೀದಿಲಿ ನಡ್ಕೊಂಡು ಹೋಗಿ ಎಷ್ಟು ಮನೆಲಿ ದೀಪ ಇದೆ ಲೆಕ್ಕ ಹಾಕು, ಅರ್ಧಕ್ಕರ್ಧ ಕತ್ತಲೆ ಇದ್ರೆ ಅವೆಲ್ಲ ರಜೆ ಮನೆ, ಅಲ್ಲಿ ಬೇಡ. ಮಳೆ ಜೂನ್, ಜುಲೈಲೇ ಬರ್ತದೆ, ನಮ್ಮ ಹಾಗೇ, ಆದ್ರೆ ವರ್ಷಪೂರ್ತಿ ಬಿದ್ರೂ ಕಾರವಾರದ ಜೂನ್ ತಿಂಗಳೊಂದರ ಮಳೆಗೆ ಸಮ ಇಲ್ಲ, ಮೇಲಿಂದ ಚಳಿ.

ಮತ್ತೆ ಎರಡೂವರೆ ಗಂಟೆ. ಪರ್ತ್‌ಗೂ ನಮಗೂ ಇಷ್ಟೇ ವ್ಯತ್ಯಾಸ, ಸಿಡ್ನಿಯವರ ಹಾಗೆ ಬೇಸಿಗೆಗೊಂದು ಚಳಿಗಾಲಕ್ಕೊಂದು ಗಡಿಯಾರ ತಿರುಗ್ಸೂದಿಲ್ಲ. ಈ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗಿ ನಾನು ಕುಕ್ಕರ್ ಇಟ್ಟು, ಪಾತ್ರೆ ತೊಳ್ದು, ಫೋನ್ ಮಾಡೋ ಹೊತ್ತಿಗೆ ಇಲ್ಲಿ ಬಾಬಾ ಬೀಚಲ್ಲಿ ಯುದ್ಧನೌಕೆ ಮ್ಯೂಸಿಯಂ ಹತ್ರ ಕಟ್ಟೆ ಮೇಲೆ ಕೂತಿರ್ತಾರೆ, ಅವರ ಸೂರ್ಯ ಇನ್ನೂ ನೀರ ಮೇಲೆ ಇರ್ತಾನೆ. ಮುಳುಗಿದ್ನಾ ಅಂತ ಕೇಳ್ತಾರೆ, ಮುಳುಗಿದ ಅಂತೇನೆ, ಇಲ್ಲಿಗೆ ಈಗ ಬಂದ ನೋಡು ಅಂತಾರೆ. ದಿನಾ ಅದೇ ಮಾತು.

ಇಷ್ಟು ಬರೀತಾ ಇರೋವಾಗ್ಲೇ ಅಲ್ಲಿಂದ ಇವರ ವಾಯ್ಸ್ ಮೆಸೇಜ್ ಬಂತು. ಡಾಕ್ಟರ್ ಬಂದು ಹೋಗಿದ್ದಾನೆ, ಒಣಗಿಸಿದ ಬೆಡ್‌ಶೀಟ್ ಇಂಗ್ಲೆಂಡ್ ಅಜ್ಜನ ನಿಂಬೆ ಗಿಡದ ಮೇಲಿದೆ, ಹೋಗಿ ಕೇಳ್ಲಿಕ್ಕೆ ಸಂಕೋಚ, ನೀ ಬಂದ್ಮೇಲೆ ತರ್ತೀಯಾ ಅಂತ. ನಾನು ಹೋಗೂದು ಇನ್ನೂ ಹನ್ನೆರಡು ದಿನಕ್ಕೆ.