ಮೊದಲು ಕಾರ್ಡು ಮುಚ್ಚಿ, ಆಮೇಲೆ ಮೊಮ್ಮಗನನ್ನು ಕೇಳಿ

ಮಲೆನಾಡಿನ ಮಳೆಗಾಲ ಕಾರ್ಡ್ ಕಳ್ಳರಿಗೆ ಹೇಳಿ ಮಾಡಿಸಿದ ಕಾಲ. ಮರ ಬಿದ್ದು ಲೈನ್ ಹೋಗಿರುತ್ತದೆ, ಟವರಿನ ಬ್ಯಾಟರಿ ಊಟದ ಹೊತ್ತಿಗೇ ಕೈ ಎತ್ತಿರುತ್ತದೆ. ಕಾರ್ಡಿನಿಂದ ದುಡ್ಡು ಹೋಯಿತು ಎಂದು ನಡುರಾತ್ರಿ ಬ್ಯಾಂಕು ಕಳಿಸಿದ ಮೆಸೇಜುಗಳು ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೊರಟಾಗ, ಸಿಗ್ನಲ್ ಸಿಗುವ ಆ ಒಂದೇ ತಿರುವಿನಲ್ಲಿ, ಸಾಲಾಗಿ ಟಿಣ್ ಟಿಣ್ ಎನ್ನುತ್ತವೆ. ಮೊದಲನೆಯದು ಬರೀ ಒಂದು ಡಾಲರಿನದು. ಕಾರ್ಡಿಗೆ ಜೀವ ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದ ಹಾಗೆ ಅದು. ಉಸಿರಾಡುತ್ತಿದೆ ಎಂದು ಖಾತ್ರಿಯಾದ ಮೇಲೆ ಬರುವವೆಲ್ಲ ದೊಡ್ಡ ಮೊತ್ತಗಳು.

"ಓಟಿಪಿನೇ ಬರಲಿಲ್ಲ ಮಾರಾಯ, ದುಡ್ಡು ಹ್ಯಾಂಗೆ ಹೋಯ್ತು?" ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ದೇಶದ ಅಂಗಡಿಗಳು ಆನ್‌ಲೈನಿನಲ್ಲಿ ಕಾರ್ಡಿನಿಂದ ದುಡ್ಡು ಪಡೆಯುವಾಗ ಓಟಿಪಿಯಂಥ ಎರಡನೇ ಖಾತ್ರಿ ಕೇಳಬೇಕು. ಹೊರದೇಶದ ಎಷ್ಟೋ ಜಾಲತಾಣಗಳಿಗೆ ಕಾರ್ಡಿನ ನಂಬರು, ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ ಇಷ್ಟಿದ್ದರೆ ಸಾಕು. ಎಲ್ಲಿಂದ ಸೋರಿತು ಎಂಬ ತನಿಖೆಗೆ ಆ ತಿರುವಿನಲ್ಲೇ ಕೂರಬೇಡಿ, ಅದು ಬಹುಪಾಲು ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ನಮ್ಮವರು ಮಾಡುವುದು ಅದನ್ನೇ. ಪಕ್ಕದ ಮನೆಯವರು ಬರುತ್ತಾರೆ, ಭಾವನಿಗೆ ಫೋನ್ ಹೋಗುತ್ತದೆ, ಪೇಟೆಯ ಯಾವ ಅಂಗಡಿಯವನ ಮುಖ ಕಳ್ಳನ ಹಾಗಿದೆ ಎಂಬ ಚರ್ಚೆ ಎರಡು ಲೋಟ ಕಾಫಿಯವರೆಗೆ ನಡೆಯುತ್ತದೆ. ಅಷ್ಟರಲ್ಲಿ ಇನ್ನೆರಡು ಮೆಸೇಜು. ಸಿಗ್ನಲ್ ಸಿಕ್ಕ ಜಾಗದಲ್ಲೇ ನಿಂತು, ಕೊಡೆ ಹಿಡಿಯಲು ಯಾರಿಗಾದರೂ ಹೇಳಿ, ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡಿ. ತಪ್ಪು ಗುಮಾನಿಯಾದರೆ ತೆರೆಯಬಹುದು. ಪೂರ್ತಿ ಬ್ಲಾಕ್ ಮಾಡಿದ ಕಾರ್ಡು ಸಾಮಾನ್ಯವಾಗಿ ಹಿಂದಿರುಗಿ ಬರುವುದಿಲ್ಲ, ಹೊಸದೇ ಬರಬೇಕು.

ಡೇಟಾ ಇಲ್ಲ, ಮಾತಾಡುವಷ್ಟು ಸಿಗ್ನಲ್ ಮಾತ್ರ ಇದೆ ಎಂದರೆ ಕಾರ್ಡಿನ ಹಿಂದಿರುವ ನಂಬರಿಗೆ ಕರೆ ಮಾಡಿ. "ಗೂಗಲ್ಲಲ್ಲಿ ಹುಡುಕು" ಎಂದು ಭಾವ ಹೇಳಿದರೆ ಕೇಳಬೇಡಿ. ಅಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲಿ ಕೆಲವು ಇನ್ನೊಬ್ಬ ಕಳ್ಳನವು. ಅವನು ಬ್ಯಾಂಕಿನವರಿಗಿಂತ ಸೌಜನ್ಯದಿಂದ ಮಾತಾಡುತ್ತಾನೆ, ಅದೇ ಅವನ ಗುರುತು. ಪರ್ಸೇ ಕಳೆದರೆ ಹಿಂಬದಿ ನೋಡುವುದೆಲ್ಲಿ? ಆ ನಂಬರನ್ನು ಇವತ್ತೇ ದೇವರ ಕೋಣೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ.

ಕಾರ್ಡ್ ಮುಚ್ಚಿದ ಮೇಲೆ ಮನೆಯೊಳಗಿನ ವಿಚಾರಣೆ. ಇದನ್ನು ಬಿಡಬೇಡಿ. ಹಣ ಕಡಿತದ ಮೆಸೇಜಿನಲ್ಲಿ ಎಷ್ಟೋ ಸಲ ಅಂಗಡಿಯ ಬೋರ್ಡಿನ ಹೆಸರಿರುವುದಿಲ್ಲ, ಅದರ ಹಿಂದಿನ ಕಂಪನಿಯ ಹೆಸರಿರುತ್ತದೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಒಂದು ತಿಂಗಳು ಪುಕ್ಕಟೆ ಎಂದು ಒತ್ತಿದ್ದು, ಎರಡನೇ ತಿಂಗಳು ತಾನಾಗಿ ದುಡ್ಡು ಎಳೆದುಕೊಂಡಿರಬಹುದು. "ಅಜ್ಜಯ್ಯ, ಅದು ಬರೀ ಗೇಮು" ಎಂದು ಅವನು ಒಪ್ಪಿಕೊಂಡರೆ ಅದು ವಂಚನೆಯಲ್ಲ, ಚಂದಾ ರದ್ದು ಮಾಡಿಸುವ ಕೆಲಸ. ಯಾರೂ ಒಪ್ಪದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಫಾರ್ಮಿನಲ್ಲಿ "ವಸ್ತು ತಲುಪಿಲ್ಲ" ಎಂಬುದಕ್ಕೆ ಗುರುತು ಹಾಕಿ ಕೆಡಿಸಿಕೊಳ್ಳುವವರಿದ್ದಾರೆ. ಹಾಗೆಂದರೆ ಕೊಂಡವರು ನೀವೇ ಎಂದಾಯಿತು! "ಈ ವ್ಯವಹಾರ ನನ್ನದಲ್ಲ" ಎಂಬ ಸಾಲು ಹುಡುಕಿ.

ಜೊತೆಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ದುಡ್ಡು ಕೈಯಿಂದ ಕೈಗೆ ದಾಟುವ ಮೊದಲು ತಡೆಯಲು ನೋಡುವವರು ಅವರು, ಹಾಗಾಗಿ ಅಡಿಕೆ ಕೊನೆ ಕೊಯ್ಲು ಮುಗಿಯಲಿ ಎಂದು ಕಾಯುವಂತಿಲ್ಲ. ದಿನಾಂಕ, ಹೊತ್ತು, ಮೊತ್ತ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಖುದ್ದಾಗಿ ಹೋಗುವುದಾದರೆ ಶಿವಮೊಗ್ಗದಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ.

ಈಗ ದುಡ್ಡಿನ ಲೆಕ್ಕ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಗ್ರಾಹಕರ ಪರವಾಗಿದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೂ 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ ಹೆಚ್ಚೆಂದರೆ 10,000 ರೂಪಾಯಿ. ಆಮೇಲೆ ಆಯಾ ಬ್ಯಾಂಕಿನ ನೀತಿ. ದಿನ ಎಣಿಸುವುದು ನಿಮ್ಮ ಶಾಖೆಯ ರಜೆಪಟ್ಟಿಯಂತೆ, ಬ್ಯಾಂಕಿನ ಸೂಚನೆ ಮುಟ್ಟಿದ ದಿನವನ್ನು ಬಿಟ್ಟು. ದೀಪಾವಳಿ ರಜೆ ನಿಮ್ಮ ಪಾಲಿಗೆ ಲಾಭ, ಅಡಿಕೆ ಸುಲಿಯುವ ಗಡಿಬಿಡಿಗೆ ವಿನಾಯಿತಿಯಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ಜಮಾ ತೋರಿಸಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ನಿಮ್ಮದೆಂದು ಸಾಬೀತುಪಡಿಸುವ ಹೊರೆಯೂ ಬ್ಯಾಂಕಿನದೇ. ಓಟಿಪಿಯನ್ನು ನೀವೇ ಓದಿ ಹೇಳಿದ್ದರೆ ಮಾತ್ರ ಕಥೆ ಬೇರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದು, ನಂತರದ್ದು ಬ್ಯಾಂಕಿನದು. ಇದಕ್ಕೇ ದೂರಿನ ಹೊತ್ತು ಮುಖ್ಯ.

ಬ್ಯಾಂಕು 30 ದಿನ ಸುಮ್ಮನಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ. ಈ ಮಧ್ಯೆ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೇವೆ, ಬಂದ ನಂಬರ್ ಹೇಳಿ ಸಾರ್" ಎಂಬ ಫೋನ್ ಬಂದರೆ ಉತ್ತರಿಸದೆ ಇಡಿ. ಮದುವೆ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಬರುವ, ಒತ್ತಿದರೆ ಫೋನಿಗೆ ಆ್ಯಪ್ ಹಾಕಿಸುವ ಎಪಿಕೆ ಫೈಲಿಗೂ ಇದೇ ಮಾತು. ಅದನ್ನು ಹಾಕಿಕೊಂಡರೆ ಓಟಿಪಿಯನ್ನು ನಿಮ್ಮ ಬಾಯಿಂದ ಹೇಳಿಸಿಕೊಳ್ಳುವ ಶ್ರಮವೂ ಕಳ್ಳನಿಗೆ ಉಳಿಯುತ್ತದೆ. ಮದುವೆ ನಿಜವಾಗಿದ್ದರೆ ನೆಂಟರು ಮನೆಗೇ ಬಂದು ಕರೆಯುತ್ತಾರೆ ಬಿಡಿ.

ಹೊಸ ಕಾರ್ಡು ಬಂದಾಗ ಆನ್‌ಲೈನ್ ಮತ್ತು ಹೊರದೇಶದ ವ್ಯವಹಾರ ಎರಡೂ ಮುಚ್ಚಿರಬೇಕು ಎಂಬ ನಿಯಮ 2020ರಿಂದ ಇದೆ. ಆನ್‌ಲೈನ್ ಬೇಕಾದರೆ ತೆರೆದು, ಮಿತಿಯನ್ನು ಎರಡು ಸಾವಿರಕ್ಕೋ ಐದು ಸಾವಿರಕ್ಕೋ ಇಳಿಸಿ. ಹೊರದೇಶದ್ದು ತೀರ್ಥಹಳ್ಳಿಯಲ್ಲಿ ಕೂತವರಿಗೆ ಯಾಕೆ? ಹಳೆ ಕಾರ್ಡಿಗೆ ಜೋಡಿಸಿದ್ದ ತಿಂಗಳ ಕಂತುಗಳನ್ನು ಹೊಸದಕ್ಕೆ ಬದಲಿಸಲು ಮರೆತರೆ, ಮುಂದಿನ ತಿಂಗಳು ಕರೆಂಟ್ ಹೋದಾಗ ಮಳೆಯನ್ನು ಬೈಯುವ ಮೊದಲು ಬಿಲ್ಲು ಕಟ್ಟಿದೆಯೇ ಎಂದು ನೋಡಬೇಕಾಗುತ್ತದೆ.